ಬಡ್ತಿಯ ನೀತಿ

ಪಂಪಭಾರತವನ್ನು ಓದಿದವರಿಗೂ ಓದಿಸಿದವರಿಗೂ ಸೇನಾಧಿಪತ್ಯದ ಪ್ರಸಂಗವು ನೆನಪಿನಲ್ಲಿ ಇದ್ದೇ ಇರುವುದು. ಯುದ್ಧಕ್ಕೆ ಮುನ್ನ ದುರ್ಯೋಧನನು ಭೀಷ್ಮನಿಗೆ ಸೇನಾಪತಿಯ ಪಟ್ಟವನ್ನು ಕಟ್ಟುತ್ತಾನೆ. ಕರ್ಣನಿಗೆ ಅದು ಸೇರುವುದಿಲ್ಲ. ಮುಪ್ಪಿನವನಿಗೇಕೆ ಪಟ್ಟ, ಅದು ತನಗೆ ಸಲ್ಲಬೇಕಾದುದು ಎಂದು ಅವನು ಸಭೆಯಲ್ಲಿಯೇ ಆಡುತ್ತಾನೆ. ದ್ರೋಣನು ಕೆರಳಿ ಅವನ ಕುಲವನ್ನೆತ್ತಿ ಹಳಿಯುತ್ತಾನೆ. ಕರ್ಣನು ಕುಲಕ್ಕಿಂತ ಪರಾಕ್ರಮವೇ ದೊಡ್ಡದೆಂದು ಮರುನುಡಿಯುತ್ತಾನೆ. ವಯಸ್ಸು, ಕುಲ, ಪರಾಕ್ರಮ ಎಂಬ ಮೂರು ಅಳತೆಗೋಲುಗಳೂ ಆ ಸಭೆಯಲ್ಲಿ ಹೊರಬಂದವು. ಆದರೆ ಆ ಸೇನಾಪತಿಯ ಮಾತಿಗೆ ತಲೆಯೊಡ್ಡಬೇಕಾಗಿದ್ದ ಸಾಮಾನ್ಯ ಭಟನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಸಾವಿರ ವರ್ಷಗಳಿಗೂ ಹಿಂದಿನ ಕಾವ್ಯದ ಈ ಮೌನವು ಇಂದಿಗೂ ಮುರಿದಿಲ್ಲವೆಂಬುದು ನಮ್ಮ ಅಭಿಪ್ರಾಯ. ಅಧಿಕಾರದ ಮೆಟ್ಟಿಲನ್ನು ಯಾರು ಏರಬೇಕು, ಅದನ್ನು ಯಾರ ಮಾತಿನ ಮೇಲೆ ನಿರ್ಣಯಿಸಬೇಕು ಎಂಬ ಪ್ರಶ್ನೆಯನ್ನು ಪೋಲೀಸ್ ಇಲಾಖೆಯ ಉದಾಹರಣೆಯಿಂದ ಇಲ್ಲಿ ವಿಚಾರಿಸಲು ಹೊರಟಿದ್ದೇವೆ.

ಇದು ಇಲಾಖೆಯ ಒಳಮನೆಯ ಸಂಗತಿ, ಪಾಠ ಹೇಳುವವರಿಗೂ ಕಲಿಯುವವರಿಗೂ ಇದರಿಂದ ಆಗಬೇಕಾದುದೇನೆಂದು ಯಾರಾದರೂ ಕೇಳಬಹುದು. ಇಚಲಕರಂಜಿಯ ಮಗ್ಗದ ಕೇರಿಗಳನ್ನು ನೆನೆಯೋಣ. ಕೂಲಿ ಕೈಗೆ ಬಾರದ ಮಗ್ಗದಾಳು, ಗಂಡನ ಹೊಡೆತ ತಾಳಲಾರದೆ ರಾತ್ರಿ ಹೊರಬಿದ್ದ ಹೆಂಗಸು, ಮಗಳು ಮನೆಗೆ ಬಾರದ ತಾಯಿ, ಇಂಥವರೆಲ್ಲ ಕೊನೆಗೆ ಹೋಗಿ ನಿಲ್ಲುವುದು ಠಾಣೆಯ ಬಾಗಿಲಿನಲ್ಲಿ. ಗಡಹಿಂಗ್ಲಜದ ಸುತ್ತಲಿನ ಹಳ್ಳಿಗಳಿಂದ ಕನ್ನಡವೊಂದನ್ನೇ ಬಲ್ಲ ಮುದುಕಿ ಬಂದರೆ ಅವಳಿಗೆ ಕಾನೂನೆಂದರೆ ಅಲ್ಲಿ ಮೇಜಿನ ಹಿಂದೆ ಕುಳಿತ ಹವಾಲದಾರನ ಮುಖವೇ. ಆ ಹವಾಲದಾರನ ಮುಖವು ಬಹುಮಟ್ಟಿಗೆ ಅವನ ಮೇಲಿನ ಫೌಜದಾರನ ಮುಖವನ್ನು ಹೋಲುತ್ತದೆ. ಆದುದರಿಂದ ಯಾರಿಗೆ ಬಡ್ತಿಯಾಯಿತೆಂಬುದು ಆ ಮುದುಕಿಯ ಪ್ರಶ್ನೆಯೂ ಹೌದು.

ನಮ್ಮ ದೇಶದ ಪೋಲೀಸ್ ವ್ಯವಸ್ಥೆಯು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು. 1857ರ ಬಂಡಾಯದ ಬಿಸಿ ಆರುವ ಮೊದಲೇ ಬ್ರಿಟಿಷರು 1861ರ ಪೋಲೀಸ್ ಕಾಯದೆಯನ್ನು ಮಾಡಿದರು. ಪ್ರಜೆಗೆ ಉತ್ತರ ಕೊಡುವ ಪೋಲೀಸ್ ಅವರಿಗೆ ಬೇಕಾಗಿರಲಿಲ್ಲ. ಮೇಲಿನವರ ಆಜ್ಞೆಗೆ ಬಾಗುವ ಪೋಲೀಸ್ ಬೇಕಾಗಿತ್ತು. 1902-03ರ ಫ್ರೇಜರ್ ಆಯೋಗವು ಸರಕಾರವೇ ನೇಮಿಸಿದ್ದಾದರೂ, ಪೋಲೀಸರಲ್ಲಿ ದಕ್ಷತೆ ಸಾಲದು, ಮೇಲ್ವಿಚಾರಣೆ ಸಾಲದು, ಜನರು ಅವರನ್ನು ಲಂಚಕೋರರೆಂದೂ ಪೀಡಕರೆಂದೂ ತಿಳಿದಿದ್ದಾರೆ ಎಂದು ಬರೆಯಿತು. ಕೊಲ್ಹಾಪುರ ಸಂಸ್ಥಾನವು 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1951ರಲ್ಲಿ ಮುಂಬಯಿ ಪೋಲೀಸ್ ಕಾಯದೆ ಬಂದಿತು. ರಾಜ್ಯಗಳು ಬದಲಾದವು, ಕಾಯದೆಗಳ ಹೆಸರುಗಳೂ ಬದಲಾದವು; ಆದರೆ ಕೆಳಗಿನವನ ಯೋಗ್ಯತೆಯನ್ನು ಮೇಲಿನವನೊಬ್ಬನೇ ಬರೆಯುವ ಪದ್ಧತಿ ಮಾತ್ರ ಉಳಿದುಕೊಂಡು ಬಂದಿತು.

ಆ ಬರಹಕ್ಕೆ ಗೋಪ್ಯ ವರದಿಯೆಂದು ಹೆಸರಾಗಿತ್ತು. ವರ್ಷಕ್ಕೊಮ್ಮೆ ಮೇಲಧಿಕಾರಿಯು ಬರೆಯುವ ನಾಲ್ಕು ಸಾಲುಗಳು ಒಬ್ಬನ ಬಾಳಿನ ಗತಿಯನ್ನು ನಿರ್ಣಯಿಸುತ್ತಿದ್ದವು. ಎಷ್ಟೋ ವೇಳೆ ಅವನಿಗೆ ಆ ಸಾಲುಗಳು ಕಾಣಲೂ ಸಿಗುತ್ತಿರಲಿಲ್ಲ. 2008ರಲ್ಲಿ ದೇವದತ್ತ ಎಂಬ ನೌಕರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವರದಿಯಲ್ಲಿ ಬರೆದ ಪ್ರತಿಯೊಂದು ಅಭಿಪ್ರಾಯವನ್ನೂ ಆಯಾ ನೌಕರನಿಗೆ ತಿಳಿಸಲೇಬೇಕೆಂದು ವಿಧಿಸಿತು. ಇದು ದೊಡ್ಡ ಸುಧಾರಣೆಯೇ ಸರಿ. ಆದರೂ ಇದು ಮೇಲಿನಿಂದ ಆಗುವ ಅನ್ಯಾಯಕ್ಕೆ ಮದ್ದಾಯಿತೇ ಹೊರತು, ಮೇಲಿನವರ ಕಣ್ಣಿಗೆ ಬೀಳದ ದೋಷಕ್ಕೆ ಮದ್ದಾಗಲಿಲ್ಲ.

ಆ ದೋಷ ಎಂಥದೆಂಬುದನ್ನು ನಮ್ಮ ನೆರೆಯ ಒಂದು ದುಃಖದ ಸಂಗತಿಯಿಂದ ತಿಳಿಯಬಹುದು.

ಇಚಲಕರಂಜಿಗೆ ದೂರವಲ್ಲದ, ಹಾತಕಣಂಗಲೆ ತಾಲೂಕಿನ ಆಳತೆ ಗ್ರಾಮದ ಅಶ್ವಿನಿ ಬಿದ್ರೆಯವರು ಪೋಲೀಸ್ ಇಲಾಖೆಯನ್ನು ಸೇರಿ, ಸಹಾಯಕ ಪೋಲೀಸ್ ನಿರೀಕ್ಷಕಿಯ ಹುದ್ದೆಯವರೆಗೆ ಏರಿದ್ದರು. ಹಳ್ಳಿಯ ಹೆಣ್ಣುಮಗಳೊಬ್ಬಳು ಖಾಕಿ ತೊಟ್ಟು ಅಷ್ಟು ದೂರ ಬಂದುದು ಊರಿಗೆ ಊರೇ ಹೆಮ್ಮೆಪಡುವಂಥ ಸಂಗತಿ. 2016ರ ಏಪ್ರಿಲ್ ತಿಂಗಳಲ್ಲಿ ನವೀ ಮುಂಬಯಿಯ ಸೇವೆಯಲ್ಲಿದ್ದಾಗ ಅವರು ಕಣ್ಮರೆಯಾದರು. ಅದೇ ವರ್ಷ ಜುಲೈಯಲ್ಲಿ ಮನೆಯವರು ದೂರು ಕೊಟ್ಟರು. ಸಂಶಯವು ಠಾಣೆ ಗ್ರಾಮೀಣ ವಿಭಾಗದ ಹಿರಿಯ ಅಧಿಕಾರಿ ಅಭಯ ಕುರುಂದಕರನ ಮೇಲಿತ್ತು. ತಮ್ಮದೇ ಇಲಾಖೆಯ ಹೆಣ್ಣುಮಗಳು ಕಾಣೆಯಾಗಿದ್ದರೂ ತನಿಖೆಯು ತೆವಳುತ್ತ ಸಾಗಿತು. ಮನೆಯವರು ಉಚ್ಚ ನ್ಯಾಯಾಲಯದ ಮೊರೆಹೋಗಬೇಕಾಯಿತು. ಹೀಗಿರಲು 2017ರ ಗಣರಾಜ್ಯೋತ್ಸವದಲ್ಲಿ ಅದೇ ಅಧಿಕಾರಿಗೆ ರಾಷ್ಟ್ರಪತಿ ಪದಕವು ಘೋಷಿತವಾಯಿತು. ಅದೇ ವರ್ಷ ಡಿಸೆಂಬರದಲ್ಲಿ ಅವನ ಬಂಧನವಾಯಿತು. 2025ರ ಏಪ್ರಿಲ್‌ನಲ್ಲಿ ಪನವೇಲದ ಸತ್ರ ನ್ಯಾಯಾಲಯವು ಅವನನ್ನು ಕೊಲೆಯ ಅಪರಾಧಿಯೆಂದು ತೀರ್ಮಾನಿಸಿ ಆಜೀವ ಕಾರಾವಾಸವನ್ನು ವಿಧಿಸಿತು. ಅಶ್ವಿನಿಯವರ ದೇಹವು ಮನೆಯವರಿಗೆ ಸಿಗಲೇ ಇಲ್ಲ. ಸಂಶಯದಲ್ಲಿದ್ದ ಅಧಿಕಾರಿಯ ಹೆಸರನ್ನು ಪದಕಕ್ಕೆ ಶಿಫಾರಸು ಮಾಡಿದ್ದಾದರೂ ಹೇಗೆಂದು ನ್ಯಾಯಾಲಯವೇ ಕೇಳಿತು.

ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಬಿಟ್ಟು ನಾವು ಸುಮ್ಮನಿರಬಹುದೆ? ಕೊಲೆಯು ಒಬ್ಬನ ಪಾಪ. ದುಷ್ಟನು ಯಾವ ಇಲಾಖೆಯಲ್ಲಿಯಾದರೂ ಇರಬಹುದು. ಆದರೆ ಪದಕವು ಒಬ್ಬನ ಕೆಲಸವಲ್ಲ. ಅದಕ್ಕೆ ಕಡತಗಳಿರುತ್ತವೆ, ಶಿಫಾರಸುಗಳಿರುತ್ತವೆ, ಹಂತಹಂತವಾಗಿ ಸಹಿಗಳಿರುತ್ತವೆ. ಸಹಿ ಮಾಡಿದ ಪ್ರತಿಯೊಬ್ಬನೂ ತನ್ನ ಮುಂದಿನ ಕಾಗದದಲ್ಲಿ ದೋಷ ಕಾಣಲಿಲ್ಲವೆಂದು ಹೇಳಿಯಾನು. ಅದು ನಿಜವೂ ಆಗಿರಬಹುದು. ಕಾಗದವನ್ನು ನೋಡಿದವರಿಗೆ ಕಾಗದ ಕಂಡಿತು, ಮನುಷ್ಯನು ಕಾಣಲಿಲ್ಲ. ಮೇಲಿನವರ ಎದುರು ವಿನಯದಿಂದ ನಿಲ್ಲುವವನು ಕೆಳಗಿನವರ ಎದುರು ಹೇಗೆ ನಿಲ್ಲುತ್ತಾನೆ, ಬಾಗಿಲು ಹಾಕಿಕೊಂಡಾಗ ಅವನ ಧ್ವನಿ ಹೇಗಿರುತ್ತದೆ ಎಂಬುದನ್ನು ಬರೆಯಲು ಅಂಥ ಕಡತದಲ್ಲಿ ಸ್ಥಳವೇ ಇರುವುದಿಲ್ಲ. ಮನುಷ್ಯನ ದಕ್ಷತೆಯು ಮೇಲಿನವರಿಗೆ ಕಾಣುತ್ತದೆ; ಅವನ ಶೀಲವು ಕೆಳಗಿನವರಿಗೆ ಕಾಣುತ್ತದೆ. ನಮ್ಮ ಬಡ್ತಿಯ ಪದ್ಧತಿಯು ಮೊದಲನೆಯವರನ್ನು ಮಾತ್ರ ಕೇಳುತ್ತದೆ. ದೋಷದ ಬೇರು ಇರುವುದು ಇಲ್ಲಿಯೇ.

ಇದಕ್ಕೆ ಎರಡು ಆಕ್ಷೇಪಣೆಗಳು ಬರುತ್ತವೆ. ಎರಡೂ ತೂಕವುಳ್ಳವು.

ಮೊದಲನೆಯದು: ಕೆಳಗಿನವರನ್ನು ಕೇಳಿ ಮೇಲಿನವರನ್ನು ಆರಿಸಹೊರಟರೆ ಶಿಸ್ತು ಉಳಿಯುವುದೆ? ರಜೆ ಕೇಳಿದಾಗಲೆಲ್ಲ ಕೊಡುವವನು, ತಪ್ಪನ್ನು ಮುಚ್ಚಿಹಾಕುವವನು ಒಳ್ಳೆಯವನೆನಿಸಿಕೊಳ್ಳುವನು. ಕೆಲಸ ಕೇಳುವವನು ಕೆಟ್ಟವನಾಗುವನು. ಇದು ಸುಳ್ಳಲ್ಲ. ಆದರೆ ನಾವು ಕೇಳುತ್ತಿರುವುದು ಚುನಾವಣೆಯನ್ನಲ್ಲ. ನಿರ್ಣಯವು ಮೇಲಿನವರದೇ ಆಗಿರಲಿ. ಸಾಕ್ಷ್ಯವು ಮಾತ್ರ ಎಲ್ಲ ದಿಕ್ಕುಗಳಿಂದ ಬರಲಿ. ಇಷ್ಟಕ್ಕೂ ಶಿಪಾಯಿಯನ್ನು ಮಾತಿಲ್ಲದ ಯಂತ್ರವೆಂದು ತಿಳಿಯುವುದು ಶಿಸ್ತಲ್ಲ. 1977ರಲ್ಲಿ ಧರ್ಮವೀರರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ಪೋಲೀಸ್ ಆಯೋಗವು 1979ರ ತನ್ನ ಮೊದಲನೆಯ ವರದಿಯಲ್ಲಿಯೇ ಶಿಪಾಯಿಯ ಸ್ಥಿತಿಗತಿಯನ್ನು ಎತ್ತಿಕೊಂಡಿತು. ಮೇಲೇರುವ ದಾರಿ ಕಾಣದವನೂ ಸಾಹೇಬರ ಮನೆಗೆಲಸಕ್ಕೆ ನಿಂತವನೂ ಊರಿನ ಬಡವನಿಗೆ ಗೌರವ ಕೊಡಬೇಕೆಂದರೆ ಅದನ್ನು ಅವನು ಎಲ್ಲಿಂದ ತಂದಾನು? ತಾನು ಪಡೆಯದುದನ್ನು ಮನುಷ್ಯನು ಸುಲಭವಾಗಿ ಕೊಡಲಾರನು. 2016ರ ಜೂನ್ ತಿಂಗಳಲ್ಲಿ ಕರ್ನಾಟಕದ ಪೋಲೀಸ್ ಸಿಬ್ಬಂದಿಯವರು ಸಾಮೂಹಿಕ ರಜೆಯ ಮಾತನ್ನೆತ್ತಿದಾಗ ಸಂಬಳ, ರಜೆಗಳ ಜೊತೆಗೆ ಮೇಲಧಿಕಾರಿಗಳ ಕಿರುಕುಳವೂ ಅವರ ಅಳಲಾಗಿತ್ತೆಂಬುದನ್ನು ಮರೆಯಬಾರದು.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗಹನವಾದುದು: ಸಂಶಯವು ಅಪರಾಧವಲ್ಲ. ಪ್ರಾಮಾಣಿಕನಾದ ಅಧಿಕಾರಿಗೆ ಹಗೆಗಳು ಹೆಚ್ಚು. ಯಾರೋ ಕೊಟ್ಟ ದೂರಿನಿಂದ ಬಡ್ತಿ ನಿಲ್ಲುವುದಾದರೆ ಕಳ್ಳರೇ ಬಡ್ತಿಯನ್ನು ನಿರ್ಣಯಿಸಿದಂತಾಗುವುದು. ಈ ಮಾತನ್ನು ನಾವು ಗೌರವಿಸುತ್ತೇವೆ. ಆದರೆ ಇಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದಾಗಿ ಕಲಸಲಾಗಿದೆ. ಒಬ್ಬನನ್ನು ಶಿಕ್ಷಿಸಬೇಕಾದರೆ ಅವನ ತಪ್ಪು ಸಿದ್ಧವಾಗಬೇಕು. ಸಿದ್ಧವಾಗುವವರೆಗೆ ಅವನು ನಿರಪರಾಧಿಯೇ. ಆದರೆ ಒಬ್ಬನ ಕೈಗೆ ಅಧಿಕಾರವನ್ನು ಕೊಡಬೇಕಾದರೆ, ಇಲ್ಲವೆ ಅವನ ಎದೆಗೆ ಪದಕವನ್ನು ಚುಚ್ಚಬೇಕಾದರೆ, ಅವನ ತಪ್ಪು ಸಿದ್ಧವಾಗಿಲ್ಲವೆಂಬುದಷ್ಟೇ ಸಾಲದು. ಅವನ ಯೋಗ್ಯತೆ ಸಿದ್ಧವಾಗಿರಬೇಕು. ಪದಕವನ್ನು ಒಂದು ವರ್ಷ ತಡೆದರೆ ನಿರ್ದೋಷಿಗೆ ಆಗುವ ನಷ್ಟವು ಒಂದು ವರ್ಷದ್ದು. ಮರುವರ್ಷ ಅದನ್ನು ಇನ್ನಷ್ಟು ಗೌರವದಿಂದ ಕೊಡಬಹುದು. ತಡೆಯದೆ ಕೊಟ್ಟರೆ ಮಗಳನ್ನು ಕಳೆದುಕೊಂಡ ಮನೆಗೆ ಆಗುವ ಗಾಯವನ್ನು ಯಾವ ವರ್ಷವೂ ತುಂಬಲಾರದು. ಬಡ್ತಿಯನ್ನು ಹಕ್ಕೆಂದು ತಿಳಿದಾಗ ಈ ವಿವೇಕವು ಮರೆಯಾಗುತ್ತದೆ. ಅದು ದುಡಿಮೆಗೆ ಸಂದ ಕೂಲಿಯೂ ಅಲ್ಲ, ಸಂದ ವರುಷಗಳ ಬಡ್ಡಿಯೂ ಅಲ್ಲ. ಜನರು ಮುಂದೆ ಇಡಲಿರುವ ನಂಬಿಕೆಗೆ ಇಲಾಖೆಯು ನಿಲ್ಲುವ ಜಾಮೀನು.

ನಮ್ಮ ಹಿಂದಿನವರು ಇದನ್ನು ಅರಿಯದವರಲ್ಲ. ಕೌಟಿಲ್ಯನು ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಒರೆಗಲ್ಲುಗಳಿಗೆ ಉಜ್ಜಿ ನೋಡಬೇಕೆಂದು ಹೇಳಿದನು. ಹಣದ ಆಸೆಗೆ ಬಾಗದವನಿಗೆ ಬೊಕ್ಕಸದ ಕೆಲಸ. ಧರ್ಮದ ಪರೀಕ್ಷೆಯಲ್ಲಿ ಗೆದ್ದವನಿಗೆ ನ್ಯಾಯದಾನದ ಮತ್ತು ಕಂಟಕಶೋಧನದ, ಎಂದರೆ ದುಷ್ಟನಿಗ್ರಹದ ಕೆಲಸ. ಆ ಪರೀಕ್ಷೆಗಳು ಗೂಢಚಾರರ ಮೂಲಕ ನಡೆಯುವಂಥವು. ಇಂದು ನಾವು ಅವನ್ನು ಒಪ್ಪಲಾರೆವು. ಆದರೆ ಒಂದು ಕೆಲಸದಲ್ಲಿ ಜಾಣನಾದವನು ಎಲ್ಲ ಕೆಲಸಕ್ಕೂ ಯೋಗ್ಯನಲ್ಲವೆಂಬ ಅವನ ತಿಳಿವು ಹಳತಾಗಿಲ್ಲ. ಇನ್ನು ನಮ್ಮ ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರು 1902ರ ಜುಲೈ 26ರ ಆಜ್ಞೆಯಲ್ಲಿ, ತೆರವಾಗುವ ಸರಕಾರೀ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಹುದ್ದೆಯು ಈಗಾಗಲೇ ಅದರಲ್ಲಿ ಕುಳಿತವರ ಪಿತ್ರಾರ್ಜಿತವಲ್ಲ, ಅದು ಪ್ರಜೆಗಳೆಲ್ಲರದು ಎಂಬ ತತ್ತ್ವವು ಆ ಆಜ್ಞೆಯಲ್ಲಿದೆ. ಹುದ್ದೆ ಪ್ರಜೆಯದಾದರೆ ಅದನ್ನು ಕೊಡುವಾಗ ಪ್ರಜೆಯ ನೋವನ್ನು ಕೇಳಿ ಕೊಡುವುದೂ ನ್ಯಾಯವೇ.

ಕಾಯದೆಯಿಂದ ಆಗಬೇಕಾದುದು ಸ್ವಲ್ಪ ಆಗಿದೆ. ನಿವೃತ್ತ ಪೋಲೀಸ್ ಅಧಿಕಾರಿ ಪ್ರಕಾಶ ಸಿಂಗರು 1996ರಲ್ಲಿ ಹೂಡಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳನ್ನು ಕೊಟ್ಟಿತು. ರಾಜ್ಯದ ಪೋಲೀಸ್ ಮುಖ್ಯಸ್ಥನನ್ನು ಗುಣದ ಮೇಲೆ ಆರಿಸಬೇಕು, ಅವನಿಗೂ ಠಾಣೆಯ ಅಧಿಕಾರಿಗೂ ಎರಡು ವರ್ಷಗಳ ಸ್ಥಿರ ಅವಧಿ ಇರಬೇಕು, ವರ್ಗಾವಣೆ ಬಡ್ತಿಗಳನ್ನು ಇಲಾಖೆಯ ಮಂಡಲಿಯು ನೋಡಬೇಕು, ಪೋಲೀಸರ ಮೇಲಿನ ದೂರುಗಳನ್ನು ಕೇಳಲು ಬೇರೆ ಪ್ರಾಧಿಕಾರವಿರಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಕರ್ನಾಟಕವು 2012ರಲ್ಲಿಯೂ ಮಹಾರಾಷ್ಟ್ರವು 2014ರಲ್ಲಿಯೂ ತಮ್ಮ ಕಾಯದೆಗಳನ್ನು ತಿದ್ದಿದವು. ಆದರೆ ನಾವು ಹೇಳಿದ ಪದಕದ ಸಂಗತಿಯು ಈ ತಿದ್ದುಪಡಿಯ ನಂತರದ್ದೆಂಬುದನ್ನು ವಾಚಕರು ಗಮನಿಸಬೇಕು. ಮಂಡಲಿಯನ್ನು ಕಾಯದೆಯು ಹುಟ್ಟಿಸಬಲ್ಲದು. ಮಂಡಲಿಯಲ್ಲಿ ಕುಳಿತವನು ಒಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳುವಂತೆ ಅದು ಮಾಡಲಾರದು.

ನಮ್ಮ ನುಡಿಯ ನಾಡಿನಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ಬೀಗುವಂತೆಯೂ ಇಲ್ಲ. 2021ರ ಅಕ್ಟೋಬರದಲ್ಲಿ ಕರ್ನಾಟಕದಲ್ಲಿ 545 ಪೋಲೀಸ್ ಉಪನಿರೀಕ್ಷಕರ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದಿದುದು ಹೊರಬಿದ್ದಿತು. ನೇಮಕಾತಿಯ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿಯೇ 2022ರ ಜುಲೈಯಲ್ಲಿ ಬಂಧಿತರಾದರು. ಪರೀಕ್ಷೆ ರದ್ದಾಗಿ 2024ರ ಜನವರಿಯಲ್ಲಿ ಮತ್ತೆ ನಡೆಯಿತು. ಈ ನಡುವೆ ರಾತ್ರಿಯೆಲ್ಲ ಓದಿ ಪ್ರಾಮಾಣಿಕವಾಗಿ ಬರೆದ ಹುಡುಗರ ವಯಸ್ಸು ಕಾಯುತ್ತ ಕೂಡಲಿಲ್ಲ. ಮೊದಲ ಮೆಟ್ಟಿಲಿನಲ್ಲಿಯೇ ಹಣ ಚೆಲ್ಲಿ ಹತ್ತಿದವನು ಮೇಲೇರಿದ ಬಳಿಕ ಅದನ್ನು ಯಾರಿಂದ ವಸೂಲು ಮಾಡುವನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಶಾಲೆಯಲ್ಲಿರುವ ನಾವು ಮಾಡಬಹುದಾದುದೇನು? ಬಡ್ತಿಯ ಮೊದಲನೆಯ ಪಾಠವು ಪೋಲೀಸ್ ತರಬೇತಿ ಶಾಲೆಯಲ್ಲಿ ಆಗುವುದಿಲ್ಲ. ಅದು ನಮ್ಮ ವರ್ಗದ ಕೋಣೆಯಲ್ಲಿಯೇ ಆಗುತ್ತದೆ. ಗುರುಗಳು ಹೊರಗೆ ಹೋಗುವಾಗ ಒಬ್ಬ ಹುಡುಗನನ್ನು ಎಬ್ಬಿಸಿ, ಗದ್ದಲ ಮಾಡಿದವರ ಹೆಸರುಗಳನ್ನು ಹಲಗೆಯ ಮೇಲೆ ಬರೆಯಲು ಹೇಳುತ್ತಾರೆ. ಅವನು ಗೆಳೆಯನ ಹೆಸರನ್ನು ಬಿಡುತ್ತಾನೆ, ಬಡವನ ಹೆಸರನ್ನು ಬರೆಯುತ್ತಾನೆ. ಸುಣ್ಣದ ಕಡ್ಡಿ ಕೈಯಲ್ಲಿರುವಷ್ಟು ಹೊತ್ತು ಅವನೇ ಸರಕಾರ. ಗುರುಗಳು ಒಳಗೆ ಬಂದು ಹಲಗೆಯನ್ನು ಓದುತ್ತಾರೆ. ಹೆಸರು ಬರೆಸಿಕೊಂಡವನ ಮುಖವನ್ನು ಓದುವುದಿಲ್ಲ. ಮೇಲಿನವರನ್ನು ಮೆಚ್ಚಿಸಿದರೆ ಸಾಕು, ಕೆಳಗಿನವರು ಲೆಕ್ಕಕ್ಕಿಲ್ಲ ಎಂಬ ಪಾಠವನ್ನು ಅಲ್ಲಿ ನಲವತ್ತು ಮಕ್ಕಳು ಏಕಕಾಲಕ್ಕೆ ಕಲಿಯುತ್ತಾರೆ. ಆ ನಲವತ್ತರಲ್ಲಿಯೇ ನಾಳಿನ ಶಿಪಾಯಿಯಿದ್ದಾನೆ, ನಾಳಿನ ಅಧಿಕಾರಿಯಿದ್ದಾನೆ, ಠಾಣೆಯ ಬಾಗಿಲಿನಲ್ಲಿ ನಿಲ್ಲಬೇಕಾದವಳೂ ಇದ್ದಾಳೆ.

ಆದುದರಿಂದ ನಾಯಕನನ್ನು ಆರಿಸುವಾಗ ಕೊನೆಯ ಸಾಲಿನ ಹುಡುಗನನ್ನೂ ಒಂದು ಮಾತು ಕೇಳುವ ರೂಢಿಯನ್ನು ನಾವು ಇಟ್ಟುಕೊಳ್ಳೋಣ. ಅವನು ಹೇಳಿದುದೆಲ್ಲವೂ ಸತ್ಯವಾಗಿರಬೇಕೆಂದಿಲ್ಲ. ಕೇಳಿದೆವೆಂಬುದೇ ನಾಯಕನಾಗುವವನಿಗೆ ಒಂದು ಪಾಠ. ಅಂತೆಯೇ ಶಿಕ್ಷಕರಾದ ನಮ್ಮ ಯೋಗ್ಯತೆಯನ್ನೂ ತಪಾಸಣೆಗೆ ಬರುವ ಸಾಹೇಬರ ಷರಾದಲ್ಲಿ ಮಾತ್ರ ಹುಡುಕದೆ, ನಮ್ಮ ಮುಂದೆ ಕುಳಿತವರ ಕಣ್ಣುಗಳಲ್ಲಿಯೂ ಹುಡುಕಿ ನೋಡೋಣ. ಅದು ಯಾವ ವರದಿಗಿಂತಲೂ ಕಠಿಣವಾದ ವರದಿ.

ಕರ್ಣನ ಕಥೆಯು ಸಭೆಯ ಜಗಳಕ್ಕೆ ಮುಗಿಯುವುದಿಲ್ಲ. ಭೀಷ್ಮನು ಶರಶಯ್ಯೆಯಲ್ಲಿ ಮಲಗಿದಾಗ ಕರ್ಣನು ಅವನ ಬಳಿಗೆ ಹೋಗಿ ಕಾಲಿಗೆರಗುತ್ತಾನೆ. ಆಗ ಭೀಷ್ಮನಿಗೆ ಪಟ್ಟವಿರಲಿಲ್ಲ, ಕರ್ಣನಿಗೆ ಅದರ ಮಾತೂ ಬೇಕಾಗಿರಲಿಲ್ಲ. ಪಟ್ಟವು ಕಳಚಿದ ಮೇಲೆಯೂ ನಮ್ಮ ಬಳಿಗೆ ಬರುವವರು ಯಾರಾದರೂ ಇದ್ದಾರೆಯೇ ಎಂದು ಅಧಿಕಾರವುಳ್ಳ ಪ್ರತಿಯೊಬ್ಬನೂ, ಶಿಕ್ಷಕನೂ ಫೌಜದಾರನೂ, ಪಟ್ಟವಿರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.