ಬೆವರದ ದುಡಿಮೆ

ಶ್ರಮದ ಬೆಲೆಯನ್ನು ಬೆವರಿನಲ್ಲಿ ಅಳೆಯುವುದು ಕನ್ನಡದ ನುಡಿಗಟ್ಟಿಗೆ ಎಷ್ಟು ಸಹಜವಾಗಿದೆಯೆಂದರೆ, ‘ಬೆವರು ಸುರಿಸಿ ದುಡಿದದ್ದು’ ಎಂದೊಡನೆ ಆ ಗಳಿಕೆಯ ಪ್ರಾಮಾಣಿಕತೆಗೆ ಬೇರೆ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ. ಶ್ರಮ ಹೆಚ್ಚಿದಷ್ಟೂ ಅದರ ನೈತಿಕ ತೂಕ ಹೆಚ್ಚುತ್ತದೆ, ತನ್ನಲ್ಲಿರುವುದನ್ನೆಲ್ಲ ಸುರಿದುಬಿಟ್ಟವನೇ ನಿಜವಾದ ದುಡಿಮೆಗಾರ ಎಂಬ ಒಂದು ಸಿದ್ಧಾಂತವೇ ಈ ಮಾತಿನ ಒಳಗೆ ಅಡಗಿದೆ. ಇದು ಬಿಸಿಲ ನಾಡಿನಲ್ಲಿ ಹುಟ್ಟಿದ ಸಿದ್ಧಾಂತವೆಂಬುದು, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಹಗಲಿರುಳು ಸೈಕಲ್ ತುಳಿಯುವವರ ಸ್ಥಿತಿಯನ್ನು ಪರಿಶೀಲಿಸಿದಾಗ ಮಾತ್ರ ಹೊಳೆಯುತ್ತದೆ. ಏಕೆಂದರೆ ಅಲ್ಲಿ ಬೆವರು ದುಡಿಮೆಯ ಗುರುತಲ್ಲ, ದುಡಿಮೆ ಹದ ತಪ್ಪಿದುದರ ಗುರುತು.

ಅಮೆರಿಕದ ಮಿನೆಸೋಟ ರಾಜ್ಯದ ಉತ್ತರದ ಅಂಚಿನಲ್ಲಿ, ಕೆನಡಾದ ಗಡಿಗೆ ಆತುಕೊಂಡಿರುವ ಇಂಟರ್‌ನ್ಯಾಷನಲ್ ಫಾಲ್ಸ್ ಪಟ್ಟಣದಿಂದ ಹೊರಟು ಟವರ್ ಎಂಬ ಊರಿನ ಬಳಿ ಮುಗಿಯುವ ‘ಆ್ಯರೋಹೆಡ್ 135’ ಸ್ಪರ್ಧೆ 2005ರಲ್ಲಿ ಆರಂಭವಾಯಿತು. ಜನವರಿಯ ಕೊನೆಯನ್ನು, ಎಂದರೆ ಆ ಸೀಮೆಯ ಚಳಿ ಕಡು ಕಠೋರವಾಗಿರುವ ದಿನಗಳನ್ನು, ಬೇಕೆಂದೇ ಆರಿಸಿಕೊಂಡಿರುವ ಈ ಸ್ಪರ್ಧೆಯಲ್ಲಿ 135 ಮೈಲಿಗಳ, ಸುಮಾರು 217 ಕಿಲೋಮೀಟರ್‌ಗಳ, ಹಿಮದ ಹಾದಿಯನ್ನು ಅರವತ್ತು ಗಂಟೆಗಳೊಳಗೆ ಸೈಕಲ್ಲಿನ ಮೇಲೋ ಸ್ಕೀಗಳ ಮೇಲೋ ಕಾಲ್ನಡಿಗೆಯಲ್ಲೋ ಕ್ರಮಿಸಬೇಕು. ಸೈಕಲ್ ಎಂದರೆ ಇಲ್ಲಿ ‘ಫ್ಯಾಟ್ ಬೈಕ್’: ನಾಲ್ಕೈದು ಅಂಗುಲ ಅಗಲದ, ಅರೆಬರೆ ಗಾಳಿ ತುಂಬಿದ ಟಯರುಗಳಿಂದಾಗಿ ಮೆದು ಹಿಮದಲ್ಲಿ ಹೂತುಹೋಗದೆ ಅದರ ಮೇಲೆ ಹರಡಿಕೊಂಡು ಸಾಗುವ ವಾಹನ. ಹೊರುವ ಸಾಮಾನುಗಳನ್ನೂ ನಿಯಮವೇ ಗೊತ್ತುಮಾಡುತ್ತದೆ. ಸೊನ್ನೆಗಿಂತ 29 ಡಿಗ್ರಿ ಕೆಳಗಿನ ಚಳಿಯನ್ನು ತಡೆಯುವ ಮಲಗುಚೀಲ, ಒಲೆ, ಹಿಮ ಕರಗಿಸಲು ಪಾತ್ರೆ, ಇವುಗಳ ಜತೆಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಒಂದು ಸೀಟಿ. ಚಳಿಗೆ ಸೆಟೆದ ಬಾಯಿಂದ ‘ಕಾಪಾಡಿ’ ಎಂದು ಕೂಗುವುದು ಆಗದ ಮಾತೆಂಬ ಎಚ್ಚರ ಆ ಸೀಟಿಯ ಹಿಂದಿದೆ.

ಪೆಡಲ್ ತುಳಿಯುವ ದೇಹ ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಚಲನೆಯಾಗಿ, ಉಳಿದ ಮುಕ್ಕಾಲು ಶಾಖವಾಗಿ ಹೊರಬೀಳುವುದರಿಂದ, ತುಳಿಯುತ್ತಿರುವಷ್ಟು ಹೊತ್ತು ಸವಾರನೇ ಒಂದು ಒಲೆಯಾಗಿರುತ್ತಾನೆ. ಅವಸರಪಟ್ಟು ಜೋರಾಗಿ ತುಳಿದರೆ ಒಲೆ ಅತಿಯಾಗಿ ಉರಿದು ಮೈ ಬೆವರುತ್ತದೆ. ಬೆವರು ಬಟ್ಟೆಯ ಪದರಗಳಲ್ಲಿ ನಿಂತು, ಬೆಚ್ಚಗಿಡುತ್ತಿದ್ದ ಗಾಳಿಯ ಜಾಗವನ್ನು ಆಕ್ರಮಿಸುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಸಾಗಹಾಕುವುದರಿಂದ, ಟಯರ್ ಸರಿಪಡಿಸಲೆಂದು ಐದು ನಿಮಿಷ ನಿಂತರೂ ಸಾಕು, ಅದುವರೆಗಿನ ಪೌರುಷವೆಲ್ಲ ನಡುಕವಾಗಿ ತಿರುಗುತ್ತದೆ. ಆದ್ದರಿಂದಲೇ ಪಳಗಿದ ಸವಾರರು ಏರು ಕಣ್ಣಿಗೆ ಬಿದ್ದೊಡನೆ, ಬೆವರಿದ ಮೇಲಲ್ಲ, ಬೆವರುವ ಮುಂಚೆಯೇ, ಜಾಕೆಟ್ಟಿನ ಜಿಪ್ಪನ್ನು ಎದೆಯವರೆಗೆ ಇಳಿಸಿ ಚಳಿಯನ್ನು ಒಳಗೆ ಕರೆಯುತ್ತಾರೆ. ಕಾಲಿನಲ್ಲಿ ಕಸುವಿದ್ದೂ ಅದನ್ನು ಬಳಸದಿರುವುದು ಇಲ್ಲಿ ಸೋಮಾರಿತನವಲ್ಲ, ಕೌಶಲ.

ಈ ಕೌಶಲಕ್ಕೆ ಹೆಸರನ್ನು ದೂರ ಹುಡುಕಬೇಕಿಲ್ಲ, ‘ಹದ’ ಎಂಬ ಪದ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಹದವನ್ನು ಮಿತದೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಮಿತ ಎಂಬುದು ದಾಟಬಾರದೆಂದು ಹೊರಗಿನಿಂದ ಎಳೆದ ಗೆರೆಯಾದರೆ, ಹದ ಎಂಬುದು ವಸ್ತುವಿಗೂ ಆ ಗಳಿಗೆಗೂ ನಡುವಿನ ಸಂಬಂಧ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಪಾಕವನ್ನು ಒಂದು ಗಳಿಗೆ ಮೊದಲೇ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಒಂದು ಗಳಿಗೆ ತಡೆದರೆ ಸೀದುಹೋಗುತ್ತದೆ, ಮತ್ತು ಆ ಗಳಿಗೆ ಯಾವುದೆಂಬುದು ನಿನ್ನೆಯ ಪಾಕವನ್ನು ನೋಡಿ ಹೇಳುವಂಥದಲ್ಲ. ಅರಿಸ್ಟಾಟಲ್ ಸದ್ಗುಣವನ್ನು ಮಧ್ಯಮ ಸ್ಥಿತಿಯೆಂದು ಕರೆದಾಗಲೂ ಅಂಕಗಣಿತದ ಮಧ್ಯಬಿಂದುವನ್ನು ಉದ್ದೇಶಿಸಿರಲಿಲ್ಲ. ಕುಸ್ತಿಪಟು ಮಿಲೋಗೆ ಸಾಲದ ಊಟ ಅಂಗಸಾಧನೆಗೆ ಹೊಸಬನಾದವನಿಗೆ ಅತಿಯಾದೀತು ಎಂಬುದು ಅವನದೇ ಉದಾಹರಣೆ. ಫ್ಯಾಟ್ ಬೈಕಿನ ಟಯರು ಇದನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. ಗಾಳಿಯ ಒತ್ತಡವನ್ನು ಅಳೆಯುವ ಪಿಎಸ್‌ಐ ಎಂಬ ಮಾನದಲ್ಲಿ, ಎಂದರೆ ಒಂದು ಚದರ ಅಂಗುಲದ ಮೇಲೆ ಇಷ್ಟು ಪೌಂಡ್ ಎಂಬ ಲೆಕ್ಕದಲ್ಲಿ, ಮೆದು ಹಿಮಕ್ಕೆ ಮೂರರಿಂದ ಐದು ಸಾಕಾಗುತ್ತದೆ. ಆದರೆ ಬೆಚ್ಚಗಿನ ಕೋಣೆಯಲ್ಲಿ ಐದು ತುಂಬಿದ ಟಯರು ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಹೊರಗಾಳಿಗೆ ಬಂದೊಡನೆ, ಒಳಗಿನ ಗಾಳಿ ಕುಗ್ಗಿ, ಒಂದೂವರೆಯ ಆಸುಪಾಸಿಗೆ ಇಳಿದು ರಿಮ್ಮಿಗೆ ಅಂಟಿಕೊಳ್ಳುತ್ತದೆ. ಅಂಕಿ ಸರಿಯಾಗಿತ್ತು, ಅಳೆದ ಜಾಗ ತಪ್ಪಾಗಿತ್ತು. ಅನುಭವಿಗಳು ಮೀಟರನ್ನು ಬದಿಗಿಟ್ಟು ಹೊರಗೆ ನಿಂತು ಹೆಬ್ಬೆರಳಿನಿಂದ ಟಯರನ್ನು ಒತ್ತಿ ನೋಡುವುದು ಇದೇ ಕಾರಣಕ್ಕೆ.

ಇಂಥ ಸ್ಪರ್ಧೆಗಳನ್ನು ಕುರಿತ ಬರವಣಿಗೆಯಲ್ಲಿ ಮಾತ್ರ ಹದದ ಸುದ್ದಿ ಅಪರೂಪ. ಅಲ್ಲಿ ಕಾಣುವುದು ಮನೋಬಲ ದೇಹವನ್ನು ಮಣಿಸಿದ ವೀರಗಾಥೆ. ಕೆಲವರು ಇದನ್ನು ಆಧುನಿಕ ತಪಸ್ಸೆಂದು ಕರೆಯಲೂ ಬಯಸಬಹುದು, ಮತ್ತು ತಪಸ್ಸು ಎಂಬ ಪದದ ಧಾತುವಿನಲ್ಲೇ ಕಾವು ಇರುವುದರಿಂದ ಆ ಹೋಲಿಕೆ ಮೇಲ್ನೋಟಕ್ಕೆ ಸೊಗಸಾಗಿಯೂ ಇದೆ. ಆದರೂ ಅದು ನಿಲ್ಲುವುದಿಲ್ಲ. ದೇಹದ ದೂರನ್ನು ಕಿವಿಗೆ ಹಾಕಿಕೊಳ್ಳದಿರುವುದು ಕಠೋರ ತಪಸ್ವಿಯ ಸಾಧನೆಯಾದರೆ, ಆ ದೂರು ನಿಂತುಹೋದ ಕ್ಷಣವೇ ಚಳಿಯ ಸವಾರನಿಗೆ ಅಪಾಯದ ಕ್ಷಣ. ದೇಹ ತನ್ನ ನಡುವನ್ನು ಬೆಚ್ಚಗಿಟ್ಟುಕೊಳ್ಳಲು ತುದಿಗಳ ರಕ್ತನಾಳಗಳನ್ನು ಬಿಗಿಯುವುದರಿಂದ ಬೆರಳುಗಳು ಮೊದಲು ಉರಿಯುತ್ತವೆ, ಆಮೇಲೆ ನೋಯುತ್ತವೆ, ಆಮೇಲೆ ಸುಮ್ಮನಾಗುತ್ತವೆ. ಆ ಮೌನವನ್ನು ಗೆಲುವೆಂದು ಬಗೆದವನು ಮರಗಟ್ಟಿದ ಬೆರಳನ್ನು ಕಳೆದುಕೊಳ್ಳಬಹುದು.

ಇಲ್ಲಿ ಹದದ ವಾದಕ್ಕೇ ಒಂದು ತೊಡಕು ಎದುರಾಗುತ್ತದೆ. ಹದವನ್ನು ಅರಿಯುವುದು ವಿವೇಕ. ಆ ವಿವೇಕವೇ ತಣ್ಣಗಾದರೆ ಅಳೆಯುವವರು ಯಾರು? ದೇಹದ ಒಳಗಿನ ತಾಪ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸ್ಥಿತಿಯನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಅದರಲ್ಲಿ ಮಾತು ತೊದಲುತ್ತದೆ, ಕೈ ತಡವರಿಸುತ್ತದೆ, ಅದು ಉಲ್ಬಣಿಸಿದಾಗ ಚಳಿಯಲ್ಲೇ ಸೆಕೆಯೆನ್ನಿಸಿ ಬಟ್ಟೆ ಕಳಚಿದವರೂ ಇದ್ದಾರೆ. ಸಮುದ್ರಕನ್ಯೆಯರ ಹಾಡಿಗೆ ಮರುಳಾಗುವೆನೆಂದು ಮೊದಲೇ ಬಲ್ಲ ಯುಲಿಸಿಸ್ ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡ ಗ್ರೀಕ್ ಕಥೆಯನ್ನು ಆಧರಿಸಿ, ನಾರ್ವೆಯ ಚಿಂತಕ ಯೋನ್ ಎಲ್‌ಸ್ಟರ್ 1979ರ ತಮ್ಮ ಗ್ರಂಥದಲ್ಲಿ, ಮುಂದೆ ಬರಲಿರುವ ತನ್ನ ಅವಿವೇಕವನ್ನು ಇಂದಿನ ವಿವೇಕದಿಂದ ಕಟ್ಟಿಹಾಕುವುದೂ ವಿವೇಕದ ಒಂದು ಬಗೆಯೆಂದು ವಾದಿಸಿದರು. ಹಸಿವಾಗಲಿ ಬಿಡಲಿ ಗಡಿಯಾರ ನೋಡಿ ತಿನ್ನುವುದು, ಬೆರಳು ಜೋಮು ಹಿಡಿದರೆ ಚರ್ಚೆಯಿಲ್ಲದೆ ನಿಲ್ಲುವುದು ಎಂಬ ಕಟ್ಟುಪಾಡುಗಳನ್ನು ಸವಾರರು ಬೆಚ್ಚಗಿನ ಮನೆಯಲ್ಲೇ ಹಾಕಿಕೊಳ್ಳುತ್ತಾರೆ. ತನ್ನ ಅಳತೆಗೋಲು ಎಲ್ಲಿ ಡೊಂಕಾಗುತ್ತದೆಂದು ತಿಳಿದಿರುವುದೂ ಹದದ ಅರಿವೇ.

ಉಳಿದ ಆಕ್ಷೇಪ ಇನ್ನೂ ಒರಟಾದುದು: ಸ್ನೋಮೊಬೈಲ್ ಎಂಬ ಹಿಮದ ಮೋಟಾರುಬಂಡಿ ಓಡಾಡುವ ದಾರಿಯಲ್ಲಿ ಸೈಕಲ್ ತುಳಿಯುವುದು ಉಳ್ಳವರ ಹುಚ್ಚಲ್ಲವೇ? 1900ರಲ್ಲಿ ನೋಮ್ ಊರಿನ ಚಿನ್ನದ ಸುದ್ದಿ ಕೇಳಿ ಕೆನಡಾದ ಡಾಸನ್ನಿನಿಂದ ಅಲಾಸ್ಕಾದ ಆ ಕಡಲತೀರದವರೆಗೆ ಹಿಮದ ಮೇಲೆ ಸೈಕಲ್ ತುಳಿದ ಎಡ್ ಜೆಸ್ಸನ್ ಮತ್ತು ಮ್ಯಾಕ್ಸ್ ಹರ್ಷ್‌ಬರ್ಗ್ ಆಟವಾಡುತ್ತಿರಲಿಲ್ಲ. ಹಿಮದ ಬಂಡಿ ಎಳೆಯುವ ನಾಯಿಗಳ ಹಿಂಡಿಗೆ ಆಹಾರ ಬೇಕು, ಸೈಕಲ್ಲಿಗೆ ಬೇಡ. ಸರಪಳಿ ತುಂಡಾದಾಗ ಹರ್ಷ್‌ಬರ್ಗ್ ಕೋಟನ್ನೇ ಹಾಯಿಯಂತೆ ಬಿಡಿಸಿ ಗಾಳಿಯ ಬಲದಿಂದ ಮುಂದೆ ಸಾಗಿದನು. ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ 1978ರಲ್ಲಿ ಆಟವನ್ನು, ಅನಗತ್ಯವಾದ ಅಡ್ಡಿಗಳನ್ನು ದಾಟಲು ಮನಸಾರೆ ಮಾಡುವ ಪ್ರಯತ್ನವೆಂದು ನಿರೂಪಿಸಿದ್ದು ಈ ಎರಡು ಸವಾರಿಗಳ ಅಂತರವನ್ನು ಸರಿಯಾಗಿ ಹಿಡಿಯುತ್ತದೆ. ಆರಿಸಿಕೊಂಡ ಚಳಿಯೂ ಸೂರಿಲ್ಲದವರ ಚಳಿಯೂ ಒಂದೇ ಅಲ್ಲ, ಒಂದೆಂದು ನಟಿಸುವುದು ಅಸಹ್ಯ. ಆದರೆ ಕಲಿಕೆ ಆಟದಲ್ಲಿ ನಡೆದ ಮಾತ್ರಕ್ಕೆ ಕಲಿತದ್ದು ಸುಳ್ಳಾಗುವುದಿಲ್ಲ.

ಆಟವೆಂದು ಒಪ್ಪಿದ ಮೇಲೆ ಅದರ ನಿಯಮಗಳನ್ನು ಗಂಭೀರವಾಗಿ ಓದಬೇಕಾಗುತ್ತದೆ, ಮತ್ತು ಆ್ಯರೋಹೆಡ್‌ನ ನಿಯಮಗಳಲ್ಲಿ ಅತ್ಯಂತ ವಿಚಿತ್ರವಾದುದು ಊಟದ ಕುರಿತದ್ದು. ಗುರಿ ಮುಟ್ಟಿದಾಗ ಸ್ಪರ್ಧಿಯ ಚೀಲದಲ್ಲಿ ಒಂದು ದಿನದ ಆಹಾರ, ಎಂದರೆ 3000 ಕ್ಯಾಲೊರಿ, ಇನ್ನೂ ಉಳಿದಿರಬೇಕು. ಇರುವುದನ್ನೆಲ್ಲ ಸುರಿದು ಬರಿಗೈಯಲ್ಲಿ ಬಂದವನನ್ನು ಬೇರೆ ಓಟಗಳು ಹೆಗಲ ಮೇಲೆ ಹೊತ್ತು ಮೆರೆಸುತ್ತವೆ; ಇಲ್ಲಿ ಅವನು ನಿಯಮ ಮುರಿದವನು. ಕೊನೆಯ ಜೌಗು ಬಯಲಿನಲ್ಲಿ, ಎರಡನೆಯ ರಾತ್ರಿಯ ಹಸಿವಿನಲ್ಲಿ, ಚೀಲದ ತಳದಲ್ಲಿರುವ ಕಡಲೆಕಾಯಿ ಬೆಣ್ಣೆಯ ಡಬ್ಬಿಯನ್ನು ನೆನೆಯುತ್ತ ತುಳಿಯುವ ಸವಾರ, ಕಲ್ಲಿನಂತೆ ಗಟ್ಟಿಯಾದ ಆ ಡಬ್ಬಿಯನ್ನು ಮುಚ್ಚಳ ತೆರೆಯದೆಯೇ ಗುರಿಯವರೆಗೆ ಹೊತ್ತು ತರಬೇಕು.