ಹೊಂದಿಸ್ತೀನಿ ಬಿಡೋ ತಮ್ಮಾ

ಮುದಗಲ್ಲಿನ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ ತೆಗೆಯುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಝೆರಾಕ್ಸ್, ಇವೆಲ್ಲ ಇದ್ದದ್ದೇ. ಇವುಗಳ ಜೊತೆ ಇನ್ನೊಂದು ಕೆಲಸ ಮಾಡುತ್ತೇನೆ: ಸಣ್ಣ ಗುತ್ತಿಗೆದಾರರ ಪರವಾಗಿ ಟೆಂಡರ್ ತುಂಬುವುದು. ಹೋದ ವರ್ಷದ ತನಕ ನನ್ನ ಡ್ರಾದಲ್ಲಿ ಏಳು ಜನರ ಸಹಿ ಇತ್ತು. ಸಹಿ ಅಂದರೆ ಡಿಜಿಟಲ್ ಸಹಿ. ನೋಡಲು ಪೆನ್‌ಡ್ರೈವ್ ಥರ ಇರುತ್ತದೆ. ಕಂಪ್ಯೂಟರಿಗೆ ಚುಚ್ಚಿ ಪಿನ್ ಒತ್ತಿದರೆ ಆ ಮನುಷ್ಯ ಸರ್ಕಾರಕ್ಕೆ ಮಾತು ಕೊಟ್ಟ ಹಾಗೆ. ಆತ ಮನೆಯಲ್ಲಿ ಮಲಗಿರಬಹುದು, ಹೊಲದಲ್ಲಿ ತೊಗರಿಗೆ ಎಣ್ಣೆ ಹೊಡೆಯುತ್ತಿರಬಹುದು. ಮಾತು ಮಾತ್ರ ಆತನದೇ.

ಆ ಏಳರಲ್ಲಿ ಒಂದು ನಮ್ಮ ಕಾಕಾನದು. ಸ್ವಂತ ಕಾಕಾ ಅಲ್ಲ, ಓಣಿಯವರು. ಗೌಂಡಿ ಕೆಲಸದಿಂದ ಶುರು ಮಾಡಿ ಲೈಸೆನ್ಸ್ ತಗೊಂಡವರು. ಹತ್ತಿರದ ಒಂದು ಊರಿನ ಶಾಲೆಯ ಕೋಣೆಗಳ ರಿಪೇರಿಗೆ ಟೆಂಡರ್ ಕರೆದಿದ್ದರು. ಲೆಕ್ಕಕ್ಕೆ ಸುಲಭ ಆಗಲಿ ಅಂತ ಅಂದಾಜು ಮೊತ್ತ ಹತ್ತು ಲಕ್ಷ ಅಂತಿಟ್ಟುಕೊಳ್ಳಿ. ಕಾಕಾ ಬಂದು ಕುಂತು, ಚಹಾ ಕುಡಿದು, "ಇಪ್ಪತ್ನಾಲ್ಕು ಬಿಲೋ ಹಾಕು" ಅಂದರು. ಅಂದರೆ ಅಂದಾಜಿಗಿಂತ ಶೇಕಡಾ 24 ಕಡಿಮೆ. ಏಳು ಲಕ್ಷ ಅರವತ್ತು ಸಾವಿರ.

ನಾನು ಹಾಳೆ ತಗೊಂಡು ಅವರ ಮುಂದೆಯೇ ಬರೆದೆ. ಸಿಮೆಂಟು, ಕಬ್ಬಿಣ, ಉಸುಕು, ಕೂಲಿ, ಜಿಎಸ್‌ಟಿ, ಓಡಾಟ. ಹೆಂಗೆ ಹಿಂಡಿದರೂ ಖರ್ಚೇ ಒಂಬತ್ತು ಲಕ್ಷದ ಹತ್ತಿರ ಬಂತು.

"ಕಾಕಾ, ಒಂದೂ ನಲವತ್ತು ಕಡಿಮಿ ಬೀಳ್ತೈತಿ. ಎಲ್ಲಿಂದ ತರ್ತೀರಿ?"

"ಹೊಂದಿಸ್ತೀನಿ ಬಿಡೋ ತಮ್ಮಾ."

ನಾನು ಒತ್ತಿದೆ. ಕಾಕಾನೇ ಎಲ್-1 ಆದರು, ಅಂದರೆ ಎಲ್ಲರಿಗಿಂತ ಕಡಿಮೆ. ಕೆಲಸ ಅವರಿಗೇ ಆಯ್ತು. ಎರಡನೇ ಮಳೆಗಾಲದಲ್ಲಿ ಒಂದು ಕೋಣೆಯ ಚಾವಣಿಯ ಗಿಲಾವು ಕಿತ್ತು ಬಿತ್ತು. ಬಿದ್ದದ್ದು ರಾತ್ರಿ. ಹಗಲು ಬಿದ್ದಿದ್ದರೆ ಇದನ್ನು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಅವತ್ತಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಇಲ್ಲಿ ಸುಳ್ಳು ಹೇಳಿದವರು ಯಾರು?

ಕಾಕಾನನ್ನು ಕೇಳಿದರೆ ಅವರ ಉತ್ತರ ತಯಾರಿದೆ. "ಐದು ಬಿಲೋ ಹಾಕಿ ಎಷ್ಟ್ ಟೆಂಡರ್ ಗೆದ್ದೀನಿ ಹೇಳು? ಒಂದೂ ಇಲ್ಲ. ನನ್ನ ನಂಬಿ ಹದಿನೈದು ಮಂದಿ ಅದಾರ. ಅವರ ಮಕ್ಕಳೂ ಅದೇ ಸಾಲಿಗೆ ಹೋಗ್ತಾವು." ಸಹಿ ಹಾಕುವ ಅಧಿಕಾರಿಯನ್ನು ಕೇಳಿ. ಕಾನೂನು ಕಡಿಮೆ ದರದವನಿಗೆ ಕೊಡು ಅನ್ನುತ್ತದೆ, ಎರಡನೆಯವನಿಗೆ ಕೊಟ್ಟರೆ ನಾಳೆ ನನ್ನ ಮೇಲೇ ವಿಚಾರಣೆ, ಅಂತಾರೆ. ಇಬ್ಬರ ಮಾತೂ ನಿಜ. ಎಲ್ಲರೂ ನಿಜ ಹೇಳಿ, ಗಿಲಾವು ಮಾತ್ರ ಬಿತ್ತು.

ಈ ಕಾನೂನನ್ನು ಬೈಯುವುದು ಸುಲಭ. ಆದರೆ ಅದು ಯಾಕೆ ಬಂತು ಅನ್ನೋದನ್ನು ಮರೆಯಬಾರದು. ಹಳೇ ಗುತ್ತಿಗೆದಾರರು ಹೇಳುತ್ತಾರೆ: ಬೇಡವಾದವರಿಗೆ ಟೆಂಡರ್ ಫಾರಮ್ಮೇ ಸಿಗುತ್ತಿರಲಿಲ್ಲವಂತೆ, ಡಬ್ಬಿಯ ಮುಂದೆ ತೋಳು ಮಡಚಿದ ಹುಡುಗರು ನಿಂತಿರುತ್ತಿದ್ದರಂತೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999 ಬಂದದ್ದು, ಆಮೇಲೆ ಟೆಂಡರೆಲ್ಲ ಕಂಪ್ಯೂಟರಿಗೆ ಏರಿದ್ದು ಇಂಥದಕ್ಕೇ. ಗೌಂಡಿಯಾಗಿದ್ದ ಕಾಕಾ ಇವತ್ತು ಯಾರ ಕಾಲೂ ಹಿಡಿಯದೆ ನನ್ನ ಅಂಗಡಿಯಲ್ಲಿ ಕುಂತು ದರ ಹಾಕುತ್ತಾರೆ ಅಂದರೆ, ಅದು ಆ ಕಾನೂನು ಕೊಟ್ಟ ಮರ್ಯಾದೆ.

ನಮಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲದ ಕಾರಣ ಒಂದು ಅಂಕಿಯನ್ನು ನಂಬಿದೆವು. ಒಳ್ಳೇ ಕೆಲಸ ಯಾವುದು ಅಂತ ತೀರ್ಮಾನಿಸಲು ಮನುಷ್ಯ ಬೇಕು, ಮನುಷ್ಯ ಲಂಚ ತಿನ್ನಬಹುದು. ಕಡಿಮೆ ಯಾವುದು ಅಂತ ಹೇಳಲು ಮೂರನೇ ಕ್ಲಾಸಿನ ಹುಡುಗ ಸಾಕು.

ಆದರೆ ಆ ಅಂಕಿಯೂ ಮೋಸ ಮಾಡುತ್ತದೆ. 1971ರಲ್ಲಿ ಅಮೆರಿಕದ ಮೂವರು ತೈಲ ಕಂಪನಿ ಎಂಜಿನಿಯರುಗಳು ಹರಾಜಿನ ಬಗ್ಗೆ ಒಂದು ಮಾತು ಬರೆದರು. ನೆಲದಡಿ ಎಷ್ಟು ಎಣ್ಣೆ ಇದೆ ಅಂತ ಹತ್ತು ಜನ ಅಂದಾಜು ಮಾಡಿ ಕೂಗಿದರೆ, ಗೆಲ್ಲುವವನು ಸಾಮಾನ್ಯವಾಗಿ ಅತಿ ಹೆಚ್ಚು ತಪ್ಪು ಅಂದಾಜು ಮಾಡಿದವನು. ಇದನ್ನು ಗೆದ್ದವನ ಶಾಪ ಅನ್ನುತ್ತಾರೆ. ನಮ್ಮ ಟೆಂಡರಿನಲ್ಲಿ ಇದೇ ಶಾಪ ತಲೆಕೆಳಗು. ಲೆಕ್ಕ ಬರದವನೋ, ಲೆಕ್ಕ ಬಂದೂ ಬೇರೇನೋ ಹೂಡಿದವನೋ ಮೇಲೆ ಬರುತ್ತಾನೆ. ಸರಿಯಾಗಿ ಲೆಕ್ಕ ಹಾಕಿದವನು ಪ್ರತಿ ಸಲ ಸೋಲುತ್ತಾನೆ. ಎರಡು ವರ್ಷ ಸೋತ ಮೇಲೆ ಆತ ಒಂದೋ ಲೈಸೆನ್ಸ್ ಬಿಡಬೇಕು, ಇಲ್ಲಾ ಹೊಂದಿಸೋದು ಕಲಿಯಬೇಕು.

ಈ ಹೊಂದಿಸೋದು ಅನ್ನುವ ಪದ ನೋಡಿ. ಎಷ್ಟು ಮೆತ್ತಗಿದೆ! ಮನೆಯಲ್ಲಿ ಅಕ್ಕಿ ಕಡಿಮೆ ಇದ್ದಾಗ ಅವ್ವ ಹೊಂದಿಸುತ್ತಾಳೆ, ತನ್ನ ತಾಟಿನಿಂದ ತೆಗೆದು. ಟೆಂಡರಿನಲ್ಲಿ ಹೊಂದಿಸುವವನು ತೆಗೆಯುವುದು ಬೇರೆಯವರ ತಾಟಿನಿಂದ. ಸಿಮೆಂಟಿನಿಂದ ತೆಗೆಯಬೇಕು, ಕೂಲಿಯಿಂದ ತೆಗೆಯಬೇಕು, ನೀರು ಹೊಡೆಯುವ ದಿನಗಳಿಂದ ತೆಗೆಯಬೇಕು. ಯಾರಿಂದ ತೆಗೆಯುತ್ತಾರೋ ಅವರು ದರ ತೆರೆಯುವ ದಿನ ಅಲ್ಲಿ ಇರುವುದೇ ಇಲ್ಲ. ಶಾಲೆಯ ಹುಡುಗರಿಗೆ ಲಾಗಿನ್ ಐಡಿ ಇಲ್ಲ.

ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಅಂತ ಹೇಳುವ ಆಯ್ದಕ್ಕಿ ಲಕ್ಕಮ್ಮ-ಮಾರಯ್ಯರ ಕಥೆ ನಿಮಗೆ ಗೊತ್ತಿರುತ್ತದೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಹೆಚ್ಚಿಗೆ ತಂದ. ಇಷ್ಟು ನಮಗೆ ಬೇಡ, ತಿರುಗಿ ಹೋಗಿ ಸುರಿದು ಬಾ ಅಂದಳು ಲಕ್ಕಮ್ಮ. ಚಿಕ್ಕಂದಿನಿಂದ ನಾವು ಇದನ್ನು ಆಸೆಯ ವಿರುದ್ಧದ ಪಾಠ ಅಂತಲೇ ಕೇಳಿದ್ದೇವೆ. ನನಗೆ ಈಗ ಅದರಲ್ಲಿ ಇನ್ನೊಂದು ಕಾಣುತ್ತದೆ. ಮನೆಗೆ ಎಷ್ಟು ಬೇಕು ಅನ್ನುವ ಅಳತೆ ಲಕ್ಕಮ್ಮನಿಗೆ ಮೊದಲೇ ಗೊತ್ತಿತ್ತು. ಅಳತೆ ಮೊದಲು, ಅಕ್ಕಿ ಆಮೇಲೆ. ಅದಕ್ಕೇ ಹೆಚ್ಚಾದದ್ದು ಕಂಡಿತು. ಮಾರಯ್ಯ ಕಡಿಮೆ ತಂದಿದ್ದರೂ ಆಕೆಗೆ ಕಾಣುತ್ತಿತ್ತು. ನಾವು ಉಲ್ಟಾ ಮಾಡುತ್ತೇವೆ: ಗೆಲ್ಲುವ ಅಂಕಿ ಮೊದಲು, ಅದಕ್ಕೆ ತಕ್ಕಂತೆ ಗಿಲಾವಿನ ದಪ್ಪ ಆಮೇಲೆ.

ಹೆಚ್ಚು ಕೇಳುವವನನ್ನು ಕಳ್ಳ ಅನ್ನುತ್ತೇವೆ. ಆಗದಷ್ಟು ಕಡಿಮೆಗೆ ಒಪ್ಪುವವನನ್ನು ಪಾಪ ಅನ್ನುತ್ತೇವೆ. ದರ ಅಂದರೆ ಕೊಟ್ಟ ಮಾತು ಅಂತಾದರೆ, ನಡೆಸಲು ಆಗುವುದಿಲ್ಲ ಅಂತ ಗೊತ್ತಿದ್ದೂ ಕೊಡುವ ಮಾತು ಸುಳ್ಳೇ. ಆಗುವುದಿಲ್ಲ ಅಂತ ಗೊತ್ತಿದ್ದೂ ಅದನ್ನು ಇಸಿದುಕೊಳ್ಳುವವನು ಅದರಲ್ಲಿ ಪಾಲುದಾರ. ಲೆಕ್ಕ ಬರೆದು ತೋರಿಸಿ, ಆಮೇಲೂ ಬಟನ್ ಒತ್ತಿದ ನಾನು? ನನ್ನ ಸರ್ವಿಸ್ ಚಾರ್ಜ್ ಐನೂರು ರೂಪಾಯಿ ಇತ್ತು.

ಇಷ್ಟು ಹೇಳಿದರೆ ಕೆಲವರು ನಮ್ಮೂರ ಕೋಟೆಯ ಕಡೆ ಕೈ ತೋರಿಸುತ್ತಾರೆ. "ನೋಡ್ರಿ, ಆಗ ಟೆಂಡರ್ ಇತ್ತೇನು? ಇನ್ನೂ ಹೆಂಗ ನಿಂತೈತಿ!" ಬಹಮನಿಯವರು, ವಿಜಯನಗರದವರು, ಆದಿಲ್‌ಶಾಹಿಗಳು ಈ ಕೋಟೆಗಾಗಿ ಬಡಿದಾಡಿದ್ದಾರೆ, ನಿಜ. ಆದರೆ ಕಲ್ಲು ಹೊತ್ತವರಿಗೆ ಏನು ಕೊಟ್ಟರು, ಕೊಟ್ಟರೋ ಇಲ್ಲವೋ ಯಾರು ಕೇಳಿದ್ದಾರೆ? ಗಟ್ಟಿ ಗೋಡೆ ನ್ಯಾಯದ ಸಾಕ್ಷಿ ಆಗುವುದಿಲ್ಲ. ನನಗೆ ರಾಜರ ಕಾಲ ಬೇಡ, ಟೆಂಡರೇ ಇರಲಿ.

ದಾರಿ ಇಲ್ಲವೆಂದಲ್ಲ. ತೀರಾ ಕಡಿಮೆ ಹಾಕಿದವರಿಂದ ಹೆಚ್ಚುವರಿ ಠೇವಣಿ ಕೇಳುವ ಷರತ್ತು ಇದೆ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಗುಣಮಟ್ಟವೇ ಮುಖ್ಯ ಎಂದು ಘೋಷಿಸಿದ ಕೆಲಸಗಳಿಗೆ ದರದ ಹೊರತಾದ ಅಂಶಗಳಿಗೆ ಶೇಕಡಾ 30ರ ತನಕ ಅಂಕ ಕೊಡಬಹುದು ಅಂತ ಇದೆ. ಒಳ್ಳೆಯದೇ. ಆದರೆ ಆ ಮೂವತ್ತು ಅಂಕ ಕೊಡುವವರು ಯಾರು? ಮತ್ತೆ ಅದೇ ಮನುಷ್ಯ. ಮತ್ತೆ ಅದೇ ಅಪನಂಬಿಕೆ. ಯಾವ ನಿಯಮ ಬರೆದರೂ ಕೊನೆಗೆ ಒಬ್ಬ ಮನುಷ್ಯ ತನ್ನ ಗೊತ್ತಿದ್ದುದನ್ನು ಗೊತ್ತಿಲ್ಲ ಅನ್ನದೇ ಇರುವ ಜಾಗ ಒಂದು ಉಳಿದೇ ಉಳಿಯುತ್ತದೆ. ನನ್ನ ಮಟ್ಟಿಗೆ ಆ ಜಾಗ ನನ್ನ ಡ್ರಾ.

ಆ ಡ್ರಾದಲ್ಲಿ ಇನ್ನೂ ಒಂದು ಆಗುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಕೆಲವೊಮ್ಮೆ ಒಂದೇ ಕೆಲಸಕ್ಕೆ ಮೂವರ ಹೆಸರಲ್ಲಿ ಮೂರು ದರ ನಾನೇ ಹಾಕಿದ್ದೇನೆ. ಒಬ್ಬರು ಗೆಲ್ಲಲು, ಇಬ್ಬರು ಸೋಲಲು. ಸ್ಪರ್ಧೆ ನಡೆದದ್ದು ನನ್ನ ಒಂದೇ ಕೀಬೋರ್ಡಿನಲ್ಲಿ.

ಈಗ ಏಳೂ ಸಹಿಗಳನ್ನು ಅವರವರಿಗೆ ವಾಪಸ್ ಕೊಟ್ಟಿದ್ದೇನೆ. ಟೆಂಡರ್ ತುಂಬುತ್ತೇನೆ, ಆದರೆ ಸಹಿಯವರು ಎದುರಿಗೆ ಕುಂತು ಪಿನ್ ತಾವೇ ಒತ್ತಬೇಕು. ಒತ್ತುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತೇನೆ: "ಈ ದರದಾಗ ನಿಮ್ಮ ಸ್ವಂತ ಮನಿ ಕಟ್ಟಿಸ್ತೀರೇನು?" ನಾಲ್ಕು ಜನ ಬೇರೆ ಸೆಂಟರ್ ಹಿಡಿದರು. ಅಲ್ಲಿ ಯಾರೂ ಕೇಳುವುದಿಲ್ಲ. ಹಾಗಾಗಿ ನಾನು ದೊಡ್ಡದೇನೋ ಬದಲಿಸಿದೆ ಅನ್ನುವ ಭ್ರಮೆ ನನಗಿಲ್ಲ.

ಕಾಕಾ ಮಾತ್ರ ಬರುತ್ತಾರೆ. ಮೊನ್ನೆ ಒಂದು ಚರಂಡಿ ಕೆಲಸಕ್ಕೆ ಹದಿನೆಂಟು ಬಿಲೋ ಅಂತ ಬಂದರು. ಪ್ರಶ್ನೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಆರು ಹಾಕು" ಅಂದರು. ಹಾಕಿದೆವು. ಅವರೇ ಪಿನ್ ಒತ್ತಿದರು.

ಆ ಕೆಲಸ ಇಪ್ಪತ್ತೆರಡು ಬಿಲೋ ಹಾಕಿದವರ ಪಾಲಾಯಿತು. ಕಾಕಾ ನನ್ನ ಮೇಲೆ ಸಿಟ್ಟಾಗಲಿಲ್ಲ. "ಆ ಚರಂಡಿ ನಮ್ಮ ಓಣ್ಯಾಗ ಬರ್ತೈತೋ ತಮ್ಮಾ" ಅಂದರು, ಅಷ್ಟೇ. ಅವರ ಹದಿನೈದು ಮಂದಿಗೆ ಈ ವಾರ ಏನು ಕೆಲಸ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.