ಹಿಂದಕ್ಕೆ ಓಡಿದವರಿಗೊಂದು ಕಡಲೆ ಮಿಠಾಯಿ

ಮಕ್ಕಳಿಗೆ ಮಿಠಾಯಿ ಕೊಟ್ಟು ಓಡಿಸುವುದು ಲಂಚ ಕೊಟ್ಟ ಹಾಗೆ ಎನ್ನುವವರ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಶಿಕ್ಷಕರ ತರಬೇತಿ ಶಿಬಿರಗಳಲ್ಲಿ, ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ, ಬೆಳಗಾಗೆದ್ದರೆ ವಾಟ್ಸಾಪಿಗೆ ಬಂದು ಬೀಳುವ ಉಪದೇಶಗಳಲ್ಲಿ ಈ ಮಾತು ಈಗ ಧಾರಾಳ. ಹೇಳುವವರು ಕೆಟ್ಟವರಲ್ಲ. ಮಕ್ಕಳು ಆಟವನ್ನು ಆಟಕ್ಕಾಗಿಯೇ ಪ್ರೀತಿಸಲಿ ಎಂದು ಆಸೆಪಡುವವರು. ಆಸೆಗೆ ನನ್ನ ತಕರಾರಿಲ್ಲ. ಒಂದು ಸಂಜೆಯಾದರೂ ಮೈದಾನದ ಅಂಚಿನಲ್ಲಿ ನಿಂತು ನೋಡದೆ ಇಷ್ಟು ಖಡಾಖಂಡಿತವಾಗಿ ಮಾತಾಡುವ ಧೈರ್ಯ ಎಲ್ಲಿಂದ ಬರುತ್ತದೆ ಎಂಬುದು ನನ್ನ ಪ್ರಶ್ನೆ.

ಕಾಸರಗೋಡು ಜಿಲ್ಲೆಯ ಬೆಳ್ಳೂರಿನಲ್ಲಿ ಊರ ಮಕ್ಕಳಿಗೆ ಸಂಜೆ ಹೊತ್ತು ಫುಟ್ಬಾಲ್ ಹೇಳಿಕೊಡುತ್ತೇನೆ. ಹೇಳಿಕೊಡುತ್ತೇನೆ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಸೀಟಿ ಊದುತ್ತೇನೆ, ಜಗಳ ಬಿಡಿಸುತ್ತೇನೆ, ಕಂಗಿನ ತೋಟಕ್ಕೆ ಉರುಳಿದ ಚೆಂಡನ್ನು ಯಾರು ಹೋಗಿ ತರಬೇಕೆಂದು ತೀರ್ಮಾನ ಕೊಡುತ್ತೇನೆ. ನಮ್ಮದೇ ಜಿಲ್ಲೆಯಾದರೂ ಮೊಗ್ರಾಲು, ತೃಕ್ಕರಿಪುರಗಳ ಲೆಕ್ಕ ಬೇರೆ. ಅಲ್ಲಿ ಫುಟ್ಬಾಲ್ ಮನೆಮನೆಯ ಮಾತು. ಭಾರತ ತಂಡಕ್ಕೆ ಆಡಿದ, 2016ರ ಐಎಸ್‌ಎಲ್ ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸಿಗೆ ಗೋಲು ಹೊಡೆದ ಮುಹಮ್ಮದ್ ರಾಫಿ ತೃಕ್ಕರಿಪುರದವರು. ನಮ್ಮ ಗುಡ್ಡೆಯ ಕಡೆ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟಗಳೇ ದೊಡ್ಡವು. ಫುಟ್ಬಾಲಿಗೆ ಸಿಗುವುದು ಉಳಿದ ಹೊತ್ತು, ಉಳಿದ ಜಾಗ. ನೆಲ ಮುರಕಲ್ಲು, ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತದೆ. ಅಂಥ ನೆಲದಲ್ಲಿ ಚೆಂಡು ಕಳೆದುಕೊಂಡವರು ಅಲ್ಲೇ ನಿಲ್ಲದೆ ತಮ್ಮ ಗೋಲಿನ ಕಡೆಗೆ ತಿರುಗಿ ಓಡಿದರೆ, ಆಟ ಮುಗಿದ ಮೇಲೆ ಅವರ ಕೈಗೆ ಒಂದು ಕಡಲೆ ಮಿಠಾಯಿ. ಗೋಲು ಹೊಡೆದವರಿಗೆ ಏನೂ ಇಲ್ಲ. ನಾನು ಕೊಡುವ ಲಂಚ ಇಷ್ಟೇ.

ಈ ಬಗ್ಗೆ ಚರ್ಚೆ ಎತ್ತಿದರೆ ಸಾಮಾನ್ಯವಾಗಿ ಎರಡು ಹೆಸರು ತರುತ್ತಾರೆ. ಒಂದು ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರದ್ದು. ಕಾಳು ಹಾಕಿ ಪಾರಿವಾಳಗಳಿಗೆ ಏನೇನೋ ಕಲಿಸಿದವರು. ಪಾರಿವಾಳಕ್ಕೆ ಸೋತ ಅವಮಾನ ಗೊತ್ತಿಲ್ಲವಾದ್ದರಿಂದ ಅವರನ್ನು ಇಲ್ಲಿಗೇ ಬಿಡುತ್ತೇನೆ. ಇನ್ನೊಂದು ಗೀತೆಯ ನಿಷ್ಕಾಮ ಕರ್ಮ. ಶಾಲಾ ವಾರ್ಷಿಕೋತ್ಸವದಲ್ಲಿ ಅದರ ಮೇಲೆ ಅರ್ಧ ಗಂಟೆ ಮಾತಾಡಿ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಸ್ವೀಕರಿಸಿ ಕಾರು ಹತ್ತಿದವರನ್ನು ಬೇಕಷ್ಟು ನೋಡಿದ್ದೇನೆ. ಗೀತೆಯದ್ದು ತಪ್ಪಿಲ್ಲ. ಆದರೆ ಹತ್ತು ವರ್ಷದ ಮಗುವಿಗೆ ಅದನ್ನು ಹೇಳುವ ಅಧಿಕಾರ ಯಾರಿಗಿದೆಯೋ ನನಗೆ ಗೊತ್ತಿಲ್ಲ.

ನಿಜವಾದ ಎದುರಾಳಿ ಅಮೆರಿಕದ ಆಲ್ಫಿ ಕೋನ್. 1993ರಲ್ಲಿ ‘ಪನಿಶ್ಡ್ ಬೈ ರಿವಾರ್ಡ್ಸ್’ ಎಂಬ ಪುಸ್ತಕ ಬರೆದವರು. ಪುಸ್ತಕದ ಹೆಸರೇ ಹೇಳುವಂತೆ ಅವರ ಪ್ರಕಾರ ಬಹುಮಾನವೂ ಒಂದು ಶಿಕ್ಷೆ. ಎರಡೂ ಇನ್ನೊಬ್ಬರನ್ನು ನಮ್ಮ ಇಷ್ಟಕ್ಕೆ ಕುಣಿಸುವ ಉಪಾಯಗಳು. ಕೈಯಲ್ಲಿ ಕೋಲಿದ್ದರೇನು, ಮಿಠಾಯಿ ಇದ್ದರೇನು? ವಾಟ್ಸಾಪಿನ ಉಪದೇಶಗಳನ್ನು ಮೂಲದವರೆಗೆ ಹಿಂಬಾಲಿಸಿದರೆ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. ಕೋನ್ ಬರಿದೇ ಉಪದೇಶ ಮಾಡುವವರಲ್ಲ, ಪ್ರಯೋಗಗಳನ್ನು ಎದುರಿಗಿಟ್ಟು ವಾದಿಸುತ್ತಾರೆ. ಹಾಗಾಗಿ ಅವರನ್ನು ನಕ್ಕು ಬದಿಗೆ ಸರಿಸುವಂತಿಲ್ಲ.

ಆ ಪ್ರಯೋಗಗಳಲ್ಲಿ ಹೆಸರಾದದ್ದು 1973ರದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ಶಿಶುವಿಹಾರದಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ನಡೆಸಿದ್ದು. ಬಣ್ಣದ ಪೆನ್ನು ಹಿಡಿದು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಚಿತ್ರ ಬಿಡಿಸಿದರೆ ಚಿನ್ನದ ನಕ್ಷತ್ರ, ಕೆಂಪು ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಎರಡನೆಯದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರ ಬಿಟ್ಟು, ಮಕ್ಕಳು ತಮ್ಮಷ್ಟಕ್ಕೆ ಆಡುವಾಗ ಗಮನಿಸಿದರು. ಆಸೆ ತೋರಿಸಿ ಕೊಟ್ಟ ಗುಂಪಿನವರು ಆ ಪೆನ್ನುಗಳ ಜೊತೆ ಕಳೆದ ಹೊತ್ತು ಉಳಿದೆರಡು ಗುಂಪಿನವರದ್ದರ ಸುಮಾರು ಅರ್ಧದಷ್ಟೇ ಇತ್ತು. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಬಹುಮಾನಕ್ಕಾಗಿ ಮಾಡುವ ಕೆಲಸವಾದ ಕೂಡಲೇ ಇಷ್ಟ ಸೋರಿಹೋಯಿತು. ಅದಕ್ಕೂ ಎರಡು ವರ್ಷ ಮೊದಲು ಎಡ್ವರ್ಡ್ ಡೀಸಿ ಕಾಲೇಜು ಹುಡುಗರಿಗೆ ಒಗಟು ಬಿಡಿಸಲು ಡಾಲರು ಕೊಟ್ಟು ಇಂಥದ್ದನ್ನೇ ಕಂಡಿದ್ದರು.

ಇದನ್ನು ಮೊದಲ ಸಲ ಓದಿದಾಗ ನನಗೆ ಹೊಳೆದದ್ದು ಒಂದೇ ಸಂಗತಿ. ಅಲ್ಲಿ ಆರಿಸಿದ್ದು ಚಿತ್ರ ಬಿಡಿಸಲು ಮೊದಲೇ ಇಷ್ಟವಿದ್ದ ಮಕ್ಕಳನ್ನು. ಹಿಂದಕ್ಕೆ ಓಡುವುದನ್ನು ಇಷ್ಟಪಡುವ ಒಂದು ಮಗುವನ್ನು ಯಾರಾದರೂ ಕಂಡಿದ್ದಾರೆಯೇ? ಫುಟ್ಬಾಲ್ ಇಷ್ಟ ಎನ್ನುವ ಹುಡುಗನಿಗೆ ಇಷ್ಟವಿರುವುದು ಚೆಂಡು. ಚೆಂಡು ಕಾಲಿನಿಂದ ಜಾರಿತೋ, ಎರಡೂ ಕೈ ಸೊಂಟಕ್ಕೆ, ಕಣ್ಣು ಆಕಾಶಕ್ಕೆ, ನಂತರ ಪಾಸ್ ಕೊಟ್ಟವನ ಮೇಲೆ ಒಂದು ಬೈಗುಳ. ಅಷ್ಟರಲ್ಲಿ ಎದುರು ತಂಡದವರು ನಮ್ಮ ಗೋಲಿನ ಹತ್ತಿರ ತಲುಪಿರುತ್ತಾರೆ. ಮಾರ್ಚ್ ತಿಂಗಳ ಸೆಕೆಯಲ್ಲಿ ಆ ನಲುವತ್ತು ಮೀಟರ್ ತಿರುಗಿ ಓಡುವುದರಲ್ಲಿ ಸುಖವೇನಿಲ್ಲ. ಓಡಿದರೂ ಚೆಂಡು ಸಿಕ್ಕೀತೆಂಬ ಖಾತ್ರಿಯಿಲ್ಲ. ಆಟದ ಹೊಟ್ಟೆಯೊಳಗೇ ಇರುವ ಕೂಲಿಕೆಲಸ ಅದು. ಇಲ್ಲದ ಇಷ್ಟವನ್ನು ಮಿಠಾಯಿ ಹಾಳುಮಾಡುವುದು ಹೇಗೆ? ಡೀಸಿ ಮತ್ತು ಸಂಗಡಿಗರು 1999ರಲ್ಲಿ 128 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗಲೂ ಬೇಸರದ ಕೆಲಸಗಳಲ್ಲಿ ಇಂಥ ಹಾನಿ ಕಾಣಲಿಲ್ಲ. ಹೇಳದೆ ಕೊಟ್ಟ ಬಹುಮಾನದಿಂದಲೂ ಕಾಣಲಿಲ್ಲ. ಕೋನ್ ತಾವೇ ತಂದ ಸಾಕ್ಷಿ ಹೇಳಿದ್ದಕ್ಕಿಂತ ಹೆಚ್ಚು ಹೇಳುತ್ತಿದ್ದಾರೆ ಎಂಬುದು ನನ್ನ ಆರೋಪ.

ಕೋನ್ ಇದಕ್ಕೂ ಉತ್ತರ ಇಟ್ಟಿದ್ದಾರೆ, ಅದು ತಟ್ಟುವ ಉತ್ತರ. ಕೆಲಸ ಬೇಸರದ್ದಾದರೆ ಯಾಕೆ ಬೇಸರ ಎಂದು ಮೊದಲು ಕೇಳಿ, ಆ ಪ್ರಶ್ನೆಯನ್ನು ಕೇಳದೆ ದಾಟಿಹೋಗಲು ಬಹುಮಾನ ಒಳ್ಳೆಯ ನೆಪ ಎನ್ನುತ್ತಾರೆ. ಇದನ್ನು ನಾನು ಒಪ್ಪಬೇಕಾಗುತ್ತದೆ. ಇಡೀ ಮೈದಾನದಲ್ಲಿ ಹನ್ನೊಂದು ಹನ್ನೊಂದು ಜನ ಆಡುವಾಗ ಸೊಂಟಕ್ಕೆ ಕೈಯಿಟ್ಟು ನಿಲ್ಲುವ ಹುಡುಗನೇ, ನಾಲ್ಕು ಕಲ್ಲಿಟ್ಟು ಮಾಡಿದ ಸಣ್ಣ ಜಾಗದಲ್ಲಿ ಮೂವರು ಮೂವರಾಗಿ ಆಡುವಾಗ ನಾಯಿ ಅಟ್ಟಿದಂತೆ ಹಿಂದಕ್ಕೆ ಓಡುತ್ತಾನೆ. ಅಲ್ಲಿ ಅಡಗಲು ಜಾಗವಿಲ್ಲ. ಅವನು ಬಾರದಿದ್ದರೆ ಗೋಲು ಆಗುತ್ತದೆ, ಯಾರಿಂದ ಆಯಿತೆಂದು ಎಲ್ಲರಿಗೂ ಗೊತ್ತಾಗುತ್ತದೆ. ಮಿಠಾಯಿ ಬೇಡ, ಸೀಟಿಯೂ ಬೇಡ. ತಂಡಕ್ಕೆ ಏಳೇ ಜನರಿರುವ ಉತ್ತರ ಕೇರಳದ ಸೆವೆನ್ಸ್ ಆಟದ ರಭಸಕ್ಕೆ ಒಂದು ಕಾರಣ ಇದೇ ಇರಬೇಕು. ಅಂದರೆ ಹಿಂದಕ್ಕೆ ಓಡುವ ಬೇಸರದಲ್ಲಿ ಅರ್ಧ ಪಾಲು ಮೈದಾನದ ಅಳತೆಯಿಂದ ಬಂದದ್ದು. ಈ ಅರ್ಧವನ್ನು ಕೋನ್ ಅವರಿಗೆ ಬಿಟ್ಟುಕೊಡುತ್ತೇನೆ.

ಉಳಿದರ್ಧವನ್ನು ಬಿಡಲಾರೆ. ಕೋನ್ ಕಾಣುವ ಬಹುಮಾನದಲ್ಲಿ ಯಾವಾಗಲೂ ಮೇಲೊಂದು ಕೈ, ಕೆಳಗೊಂದು ಕೈ. ಮೇಲಿನದ್ದು ದೊಡ್ಡವರದ್ದು, ಕೆಳಗಿನದ್ದು ಮಗುವಿನದ್ದು. ಬಹುಮಾನ ಹುಟ್ಟಿದ್ದೇ ಹೀಗೆ ಎಂದು ಯಾರು ಹೇಳಿದರು? ನಮ್ಮ ತುಳುನಾಡಿನ ಕಂಬಳದಲ್ಲಿ ಮೊದಲೆಲ್ಲ ಗೆದ್ದ ಕೋಣಗಳಿಗೆ ಸಿಗುತ್ತಿದ್ದದ್ದು ತೆಂಗಿನಕಾಯಿ, ಬಾಳೆಗೊನೆ. ಅದರ ಆಸೆಗೆ ಯಾರೂ ಕೋಣ ಸಾಕುತ್ತಿರಲಿಲ್ಲ. ಊರಿನ ಎದುರು ಊರೇ ಕೊಟ್ಟದ್ದು ಎಂಬುದೇ ಅದರ ಬೆಲೆ. ಚಿನ್ನದ ಪವನು ಬಂದ ಮೇಲೆ ಕಂಬಳದ ಕತೆ ಬೇರೆಯಾಯಿತು. ಮೇಲಿನ ಕೈ ಇಲ್ಲದ ಬಹುಮಾನ ಮಕ್ಕಳಲ್ಲೂ ಉಂಟು. 2019ರ ನವೆಂಬರಿನಲ್ಲಿ ಮಲಪ್ಪುರಂ ಜಿಲ್ಲೆಯ ನಿಲಂಬೂರು ಕಡೆಯ ಮಕ್ಕಳ ಸಭೆಯೊಂದರ ವಿಡಿಯೋ ಎಲ್ಲ ಮೊಬೈಲುಗಳಲ್ಲೂ ಓಡಾಡಿದ್ದು ನೆನಪಿರಬಹುದು. ನೆಲಕ್ಕೆ ನೆಟ್ಟ ಕೋಲೇ ಮೈಕು. ಅಧ್ಯಕ್ಷ, ಕಾರ್ಯದರ್ಶಿ ಎಲ್ಲ ಇದ್ದರು. ಮಿಠಾಯಿಗೆ ಖರ್ಚು ಮಾಡುವುದು ಬಿಟ್ಟು ವಾರಕ್ಕೆ 10 ರೂಪಾಯಿ ಕೂಡಿಟ್ಟು ಚೆಂಡು ಕೊಳ್ಳೋಣ ಎಂಬುದು ಅಂದಿನ ವಿಷಯ. ಆಟಕ್ಕಾಗಿ ಮಿಠಾಯಿಯನ್ನೇ ಬಿಟ್ಟ ಆ ಮಕ್ಕಳು ಕೋನ್ ಪಕ್ಷದವರಂತೆ ಕಾಣುತ್ತಾರೆ. ಆದರೆ ಅದೇ ಸಭೆಯಲ್ಲಿ ಅವರು ಒಳ್ಳೆಯ ಆಟ ಆಡಿದವರನ್ನು ಕರೆದು, ಪ್ಲಾಸ್ಟಿಕ್ ಹಾಳೆಯನ್ನೇ ಶಾಲಿನಂತೆ ಹೊದಿಸಿ ಸನ್ಮಾನವನ್ನೂ ಮಾಡಿದರು. ಯಾರೂ ಹೇಳಿಕೊಟ್ಟದ್ದಲ್ಲ. (ದೊಡ್ಡವರ ಸಭೆಗಳನ್ನು ನೋಡಿ ಕಲಿತದ್ದು ಎನ್ನುವಿರಾ? ಇರಬಹುದು, ಸಭೆ ನಡೆಸುವುದನ್ನೂ ಹಾಗೆಯೇ ಕಲಿತರಲ್ಲ.)

ಗೋಲಿಗೆ ಬಹುಮಾನ ತಾನಾಗಿಯೇ ಇದೆ. ಹೊಡೆದವನ ಮೇಲೆ ಹತ್ತು ಜನ ಬಿದ್ದು ತಬ್ಬಿಕೊಳ್ಳುತ್ತಾರೆ. ಅದೇ ಹೊತ್ತಿಗೆ, ಹಿಂದೆ ಓಡಿ ಚೆಂಡು ಕಸಿದುಕೊಟ್ಟ ಬ್ಯಾಕ್ ಆಟಗಾರ್ತಿ ಬಗ್ಗಿ ಬೂಟಿನ ಲೇಸ್ ಕಟ್ಟುತ್ತಿರುತ್ತಾಳೆ. ಅವಳ ಓಟವನ್ನೂ ಒಬ್ಬರು ಕಂಡಿದ್ದಾರೆ ಎಂದು ಹೇಳುವುದಕ್ಕೆ ಮಿಠಾಯಿ ಬೇಕು ಎಂಬುದು ನನ್ನ ವಾದ.

ಹಾಗಾದರೆ ಕಂಡವರು ನಾನೇ ಯಾಕಾಗಬೇಕು, ಮಕ್ಕಳೇ ಆಗಲಿ ಎಂದುಕೊಂಡು, ಮಿಠಾಯಿ ಯಾರಿಗೆಂದು ಆರಿಸುವ ಕೆಲಸವನ್ನು ಅವರಿಗೇ ಬಿಟ್ಟೆ. ಅವರು ಒಬ್ಬ ಹುಡುಗನನ್ನು ಆರಿಸಿದರು. ಅವನು ಅಂದು ಹೆಚ್ಚು ಓಡಿದವನಲ್ಲ. ಸಂಜೆಗೆಂದು ಏನನ್ನೂ ತಾರದವನು, ಉಳಿದವರು ಡಬ್ಬಿ ಬಿಚ್ಚುವಾಗ ನೀರಿನ ನಳ್ಳಿಯ ಕಡೆಗೆ ಹೋಗುವವನು. ಮಕ್ಕಳ ಕಣ್ಣಿಗೆ ಅದು ಬಿದ್ದಿತ್ತು. “ನಂಗೆ ಬೇಡ ಮಾಷ್ಟ್ರೆ, ನಾನು ಓಡ್ಲಿಲ್ಲ” ಎಂದ. ಒತ್ತಾಯ ಮಾಡಿದ್ದಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ಬಹುಮಾನದ ಅರ್ಥವನ್ನು ಅಲ್ಲಿದ್ದವರಲ್ಲೆಲ್ಲ ಸರಿಯಾಗಿ ಹಿಡಿದವನು ಅವನೇ. ಆದರೆ ಅವನ ಆ ಸರಿಯೇ ನನ್ನ ಬುಡ ಅಲ್ಲಾಡಿಸಿತು.

ಯಾಕೆಂದರೆ ನನ್ನ ಸಮರ್ಥನೆ ನಿಂತಿದ್ದದ್ದು ಮಿಠಾಯಿ ಚಿಕ್ಕದು ಎಂಬ ಒಂದೇ ಕಂಬದ ಮೇಲೆ. ದೊಡ್ಡ ಬಹುಮಾನ ಆಟದ ಗುರಿಯನ್ನೇ ಬದಲಿಸುತ್ತದೆ ಎಂದು ನಾನೂ ನಂಬುತ್ತೇನೆ. ಆಟದಲ್ಲಿ ಗೆದ್ದ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿಯಾಗಿ ಕೊಡುವ, ಕೋವಿಡ್ ಕಾಲದಲ್ಲಿ ನಿಂತಿದ್ದ ಗ್ರೇಸ್ ಮಾರ್ಕ್ 2023ರಲ್ಲಿ ಮರಳಿ ಬಂದ ಮೇಲೆ, ಯಾವ ಆಟಕ್ಕೆ ಎಷ್ಟು ಅಂಕ ಎಂದು ವಿಚಾರಿಸುವ ತಾಯ್ತಂದೆಯರನ್ನು ಕಂಡಿದ್ದೇನೆ. ಇಲ್ಲೊಂದು ಚೋದ್ಯವನ್ನೂ ಹೇಳಬೇಕು. 2022ರ ಸಂತೋಷ್ ಟ್ರೋಫಿಯ ಸೆಮಿಫೈನಲಿನಲ್ಲಿ ಕೇರಳ ನಮ್ಮ ಕರ್ನಾಟಕವನ್ನು 7-3ರಿಂದ ಬಡಿಯಿತು. ಬದಲಿ ಆಟಗಾರನಾಗಿ ಬಂದ ಜೆಸಿನ್ ಒಬ್ಬರೇ ಐದು ಗೋಲು ಹೊಡೆದರು. ಫೈನಲಿಗೆ ಮೊದಲು ಉದ್ಯಮಿ ಶಂಶೀರ್ ವಯಲಿಲ್ ಗೆದ್ದರೆ ಒಂದು ಕೋಟಿ ರೂಪಾಯಿ ಎಂದು ಘೋಷಿಸಿದರು. ಮಂಜೇರಿಯ ಆ ಫೈನಲಿನಲ್ಲಿ 120 ನಿಮಿಷ ಆಡಿ ಕೇರಳ ಹೊಡೆದದ್ದು ಒಂದೇ ಗೋಲು, ಬಂಗಾಳದ ಮೇಲೆ ಗೆದ್ದದ್ದು ಪೆನಾಲ್ಟಿಯಲ್ಲಿ. ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಕೋನ್ ಅವರಿಗೆ ಇಷ್ಟವಾಗಬಹುದಾದ ಅಂಕಿಅಂಶ.

ಕೋಟಿ ದೊಡ್ಡದು, ಮಿಠಾಯಿ ಚಿಕ್ಕದು ಎಂದು ಗೆರೆ ಎಳೆದು ಕೂತಿದ್ದೆ. ಆ ಸಂಜೆ ಗೆರೆ ಅಳಿಸಿಹೋಯಿತು. ಸ್ಕೂಟರಿನಲ್ಲಿ ಬಂದಿಳಿಯುವ ಹುಡುಗನಿಗೆ ಕಡಲೆ ಮಿಠಾಯಿ ಒಂದು ಗುರುತು ಮಾತ್ರ, ಅರ್ಧ ತಿಂದು ಎಸೆದರೂ ಎಸೆದಾನು. ಇನ್ನೊಬ್ಬನಿಗೆ ಅದು ಸಂಜೆಯ ತಿಂಡಿ. ಅವನ ಮಟ್ಟಿಗೆ ನಾನು ಹಸಿವಿನ ಎದುರು ತಿನಿಸು ಹಿಡಿದು ಓಡು ಎನ್ನುತ್ತಿದ್ದೇನೆ.

ಪ್ರಯತ್ನದ ಲೆಕ್ಕವೂ ಇಷ್ಟೇ ಜಾರುತ್ತದೆ. ನಾನು ಗೋಲಿಗೆ ಕೊಡುವುದಿಲ್ಲ, ಪ್ರಯತ್ನಕ್ಕೆ ಕೊಡುತ್ತೇನೆ ಎಂದು ಹೆಮ್ಮೆಪಡುತ್ತೇನೆ. ನನಗೆ ಕಾಣುವುದು ಓಟ ಮಾತ್ರ. ಪ್ರಯತ್ನ ಮಾಡುವ ಮನಸ್ಸು ಕೂಡ ಮಗು ಹುಟ್ಟಿದ ಮನೆ, ಬೆಳೆದ ಪರಿಸರಗಳನ್ನೇ ಅವಲಂಬಿಸಿದೆ ಎಂದು ತತ್ತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲೇ ಬರೆದಿದ್ದರು. ಬೆಳ್ಳೂರಿನಲ್ಲಿ ಅದನ್ನು ತಿಳಿಯಲು ರಾಲ್ಸ್ ಬೇಕಿಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವೆಂದು ಗುರುತಾದ ಹನ್ನೊಂದು ಪಂಚಾಯತುಗಳಲ್ಲಿ ನಮ್ಮದೂ ಒಂದು. ಮಲಗಿದಲ್ಲೇ ಇರುವ ಅಣ್ಣನಿಗೋ ತಂಗಿಗೋ ಉಣಿಸಿ, ಒರೆಸಿ, ಆಮೇಲೆ ಆಡಲು ಬರುವ ಮಗು ಮೈದಾನದಲ್ಲಿ ಹತ್ತು ಹೆಜ್ಜೆ ಕಡಿಮೆ ಓಡಿದರೆ ಅದನ್ನು ಯಾವ ಸೀಟಿ ಅಳೆಯುತ್ತದೆ? ಗೋಲಿನ ಅನ್ಯಾಯವನ್ನು ಸರಿಪಡಿಸಲು ಹೊರಟ ಮಿಠಾಯಿ ಇನ್ನೊಂದು ಅನ್ಯಾಯ ಮಾಡುತ್ತಿರಬಹುದು.

ಈಗ ಆಟ ಮುಗಿದ ಮೇಲೆ ಮಿಠಾಯಿ ಎಲ್ಲರಿಗೂ ಇದೆ, ಓಡಿದವರಿಗೂ ಓಡದವರಿಗೂ. ಅಲ್ಲಿಗೆ ಅದು ಬಹುಮಾನವಾಗಿ ಉಳಿಯಲಿಲ್ಲ, ತಿಂಡಿಯಾಯಿತು. ಅದು ಒಳ್ಳೆಯದೇ. ಅಂದಿನ ಒಂದು ಓಟವನ್ನು ಮಾತ್ರ ಹೆಸರು ಹಿಡಿದು ಹೇಳುತ್ತೇನೆ, ಯಾವ ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಓಡಿದರು ಎಂಬ ವಿವರ ಸಮೇತ. ಡೀಸಿಯವರ ಲೆಕ್ಕದಲ್ಲಿ ಇಂಥ ಮಾತಿನಿಂದ ಹಾನಿಯಿಲ್ಲ. ಕೋನ್ ಹೊಗಳಿಕೆಯೂ ಬೇಡ, ಅದೂ ಮಕ್ಕಳನ್ನು ಹಿಡಿತದಲ್ಲಿಡುವ ಹಗ್ಗವೇ ಎನ್ನುತ್ತಾರೆ. ಅಲ್ಲಿಯವರೆಗೆ ಅವರ ಜೊತೆ ಹೋಗಲು ನನಗೆ ಮನಸ್ಸಿಲ್ಲ. ಆದರೆ ಹೆಸರು ಕರೆಸಿಕೊಳ್ಳದ ಮಕ್ಕಳ ಮುಖ ನೋಡಿದರೆ, ಕೋನ್ ಪೂರ್ತಿ ತಪ್ಪು ಎಂದು ಹೇಳಲೂ ಬಾಯಿ ಬರುವುದಿಲ್ಲ. ಮುಳ್ಳೇರಿಯ, ಬದಿಯಡ್ಕ, ಪೆರ್ಲದ ಕಡೆ, ಗಡಿಯಾಚೆ ಪುತ್ತೂರು, ಸುಳ್ಯದಲ್ಲಿ ಮಕ್ಕಳನ್ನು ಆಡಿಸುವವರು ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ: ನಿಮ್ಮ ಮೈದಾನದಲ್ಲಿ ಗೋಲು ಹೊಡೆಯದ ಮಕ್ಕಳಿಗೆ ಏನು ಸಿಗುತ್ತದೆ, ಅದನ್ನು ಯಾರು ಕೊಡುತ್ತಾರೆ ಎಂದು ಬರೆದು ತಿಳಿಸಿ.